ಉಲ್ಟಾ ಹಾಕಿದ ಪ್ಲಗ್ಗು

ಅಕ್ಕ ಹೊಲಿಗೆ ಮಿಷನ್ನಿಗೆ ಮುಸುಕು ಹಾಕಿ ಎರಡು ದಿನವಾಗಿತ್ತು. ಬೇರೆ ಮನೆಯಲ್ಲಾದರೆ ಇದೊಂದು ಸುದ್ದಿಯೇ ಅಲ್ಲ. ಈ ಮನೆಯಲ್ಲಿ ಮಾತ್ರ ಮೂವತ್ತು ವರ್ಷದಿಂದ ಆ ಮುಸುಕು ಹಾಲು ಕಾಯುವುದಕ್ಕೆ ಮುಂಚೆಯೇ ಕಳಚಿ ಕುರ್ಚಿ ಮೇಲೆ ಬೀಳುತ್ತಿತ್ತು. ಅಕ್ಕನಿಗೆ ಜ್ವರ ಬಂದರೂ ಮಿಷನ್ನಿಗೆ ರಜೆ ಸಿಗುತ್ತಿರಲಿಲ್ಲ. ಹಾಗಾಗಿ ಗುರುವಾರ ಬೆಳಿಗ್ಗೆ ಭಾವ ಫೋನು ಮಾಡಿ, "ನಿಮ್ಮಕ್ಕ ಮುಸುಕು ತೆಗೀತಾ ಇಲ್ಲ ಕಣಮ್ಮ" ಅಂದಾಗ, ತಂಗಿ ಸುತ್ತುತ್ತಿದ್ದ ತಂತಿಯ ಲೆಕ್ಕ ತಪ್ಪಿತು.

ತಂಗಿಯನ್ನು ಮನೆಯವರೆಲ್ಲ ಕರೆಯುವುದು ಫ್ಯೂಸು ಅಂತ. ಹತ್ತು ವರ್ಷದವಳಿದ್ದಾಗ ರೇಡಿಯೋದೊಳಗೆ ಎಷ್ಟು ಜನ ಕೂತಿದ್ದಾರೆ ಎಂದು ನೋಡಲು ಹೋಗಿ ಅಕ್ಕಪಕ್ಕದ ಮೂರು ಮನೆಯ ದೀಪ ಆರಿಸಿದ್ದಳು. ಈಗ ಅವಳಿಗೆ ನಲವತ್ತು ತುಂಬಿದೆ. ಹದಿನೈದು ವರ್ಷದಿಂದ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೂತು, ಸುಟ್ಟುಹೋದ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುತ್ತಾಳೆ. ಊರಿನವರು ಅವಳ ಕೈಗೆ ಮೋಟರು ಕೊಟ್ಟು ನಿಶ್ಚಿಂತೆಯಾಗಿ ಮನೆಗೆ ಹೋಗುತ್ತಾರೆ. ಅಕ್ಕ ಒಬ್ಬಳು ಮಾತ್ರ ಬಲ್ಬು ಬದಲಾಯಿಸುವುದಕ್ಕೂ ಅವಳನ್ನು ಬಿಡುವುದಿಲ್ಲ.

ವಿಷಯ ಏನೆಂದರೆ, ಅಕ್ಕನಿಗೆ ಸೂಜಿ ಕಾಣುತ್ತಿರಲಿಲ್ಲ. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಪೊರೆ ಇಲ್ಲ, ಏನೂ ಇಲ್ಲ, ವಯಸ್ಸು ಅಷ್ಟೆ, ಬೆಳಕು ಜಾಸ್ತಿ ಮಾಡಿಕೊಳ್ಳಿ ಅಂದಿದ್ದರು. ಹೊಲಿಯುವ ಕೋಣೆಯ ಟ್ಯೂಬ್‌ಲೈಟು ಇದ್ದದ್ದು ಬೆನ್ನ ಹಿಂದೆ. ಅಕ್ಕ ಬಗ್ಗಿದರೆ ಅವಳ ನೆರಳೇ ಸೂಜಿಯ ಮೇಲೆ ಬಂದು ಕೂರುತ್ತಿತ್ತು. ಅದರಲ್ಲೂ ಈ ಸಲ ಬಂದಿದ್ದದ್ದು ವಕೀಲರ ಕರಿ ಕೋಟು, ಹದಿನೆಂಟು. ಕರಿ ಬಟ್ಟೆಗೆ ಕರಿ ದಾರ. ಆರು ಮುಗಿದು ಗೋಡೆಯ ಗೂಟಕ್ಕೆ ನೇತಾಡುತ್ತಿದ್ದವು, ಹನ್ನೆರಡು ಕತ್ತರಿಸಿದ ತುಂಡುಗಳಾಗಿಯೇ ಕಟ್ಟಿನಲ್ಲಿದ್ದವು. ಶನಿವಾರ ಸಂಜೆ ಕೋಟಿನಂಗಡಿಯವರು ಬಂದು ಎಲ್ಲವನ್ನೂ ತೆಗೆದುಕೊಂಡು ಹೋಗಬೇಕು.

"ನಾಳೆ ವಾಪಸ್ ಕಳಿಸ್ಬಿಡ್ತಾಳಂತೆ," ಅಂದರು ಭಾವ ಫೋನಿನಲ್ಲಿ. "ಮಿಷನ್ನೂ ಯಾರಿಗಾದ್ರೂ ಕೊಟ್ಬಿಡ್ತಾಳಂತೆ. ಎಲ್ಲಾ ನನ್ನಿಂದಾನೇ ಆಗಿದ್ದು."

ಭಾವ ತಪ್ಪು ಒಪ್ಪಿಕೊಳ್ಳುವುದು ದಿನಾ ನಡೆಯುವ ಸಂಗತಿಯಲ್ಲ. ಫ್ಯೂಸು ನಡೆದದ್ದನ್ನೆಲ್ಲ ಫೋನಿನಲ್ಲೇ ಕೇಳಿಕೊಂಡು, ಅರ್ಧ ದಿನ ರಜೆ ಹಾಕಿ, ಬೇಕಾದ ಸಾಮಾನು ತುಂಬಿದ ಅಂಗಡಿಯ ಚೀಲ ಹೆಗಲಿಗೇರಿಸಿ ಹೊರಟಳು.

ಭಾವ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವವರು. ಯಾವ ಪುಸ್ತಕವನ್ನೂ ಪೂರ್ತಿ ಓದಿದವರಲ್ಲ, ಯಾವುದನ್ನೂ ಓದದೆ ಬಿಟ್ಟವರೂ ಅಲ್ಲ. ಹೆಂಡತಿಯ ಕಷ್ಟ ನೋಡಲಾರದೆ ಸೋಮವಾರ ಒಂದು ಎಲ್‌ಇಡಿ ಪಟ್ಟಿಯನ್ನೂ, ಅದನ್ನು ಉರಿಸಲು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಸರ್ಕ್ಯೂಟ್ ಬೋರ್ಡನ್ನೂ ತಂದಿದ್ದರು. ಬೋರ್ಡಿಗೆ ಎರಡು ಪಿನ್ನಿನ ಪ್ಲಗ್ಗು ಕಟ್ಟಿ, ಪಟ್ಟಿಯನ್ನು ಮಿಷನ್ನಿನ ತೋಳಿನ ಕೆಳಗೆ ಅಂಟಿಸಿದರು. ಮೀಟರು ಹಿಡಿದು ನೋಡಿದರೆ ಪಟ್ಟಿಯ ಎರಡು ತುದಿಗಳ ಮಧ್ಯೆ ಇಪ್ಪತ್ತನಾಲ್ಕು ವೋಲ್ಟು. ಬ್ಯಾಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಧೈರ್ಯ ಹೇಳಲು ಪಟ್ಟಿಯನ್ನು ಬೆರಳಿನಿಂದ ಮುಟ್ಟಿಯೂ ತೋರಿಸಿದರು. ಏನೂ ಆಗಲಿಲ್ಲ. ಆ ಸಂಜೆ ಅಕ್ಕ ಒಂದು ಗಂಟೆ ಹೊಲಿದಳು.

ಮಂಗಳವಾರ ಬೆಳಿಗ್ಗೆ ಅದೇ ಮಿಷನ್ನಿನ ಚಕ್ರಕ್ಕೆ ಕೈಯಿಟ್ಟು, ಬರಿಗಾಲನ್ನು ಕೆಳಗಿನ ಕಬ್ಬಿಣದ ಪೆಡಲಿನ ಮೇಲೆ ಇಟ್ಟದ್ದೇ ತಡ, ಕರೆಂಟು ಭುಜದವರೆಗೆ ಬಡಿಯಿತು. ಕುರ್ಚಿಸಮೇತ ಹಿಂದಕ್ಕೆ ಬಿದ್ದಳು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಎದ್ದವಳು ಪಟ್ಟಿ ಕಿತ್ತು ಮೂಲೆಗೆಸೆದು ಮಿಷನ್ನಿಗೆ ಮುಸುಕು ಹಾಕಿದಳು. ಬೈದಿದ್ದರೆ ಭಾವನಿಗೆ ಎಷ್ಟೋ ಸಮಾಧಾನ ಇರುತ್ತಿತ್ತು.

ಫ್ಯೂಸು ಒಳಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುತ್ತಿದ್ದಳು. ಮಾಡಲು ಕೆಲಸವಿಲ್ಲದ ಕೈ.

"ನೀನು ಮಿಷನ್ ಹತ್ರ ಹೋಗ್ಬೇಡ," ಅಂದಳು ತಿರುಗದೆಯೇ. "ನಿಮ್ಮ ಭಾವ ಅರ್ಧ ಕೊಂದ್ರು. ಉಳಿದರ್ಧ ನಿನ್ನ ಪಾಲಿಗೆ ಬೇಡ."

"ಮಿಷನ್ ಮುಟ್ಟಲ್ಲಕ್ಕ. ಆ ಬೋರ್ಡು ನೋಡ್ತೀನಿ ಅಷ್ಟೆ."

ಫ್ಯೂಸು ನೆಲದ ಮೇಲೆ ಕೂತು ಬೋರ್ಡನ್ನು ಬೆಳಕಿಗೆ ಹಿಡಿದಳು. ಒಂದು ಕಂದು ಬಣ್ಣದ ಕೆಪಾಸಿಟರು, ನಾಲ್ಕು ಡಯೋಡು, ಚಿಲ್ಲರೆ ಒಂದೆರಡು. ಹಿಂದೆ ಮುಂದೆ ತಿರುಗಿಸಿದಳು. ಇರಬೇಕಾದ ಟ್ರಾನ್ಸ್‌ಫಾರ್ಮರು ಇರಲಿಲ್ಲ. ಅಕ್ಕನ ಪಾದ ಒದ್ದೆಯಿದ್ದಿದ್ದರೆ ಏನಾಗುತ್ತಿತ್ತೋ ಅಂತ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು.

"ಭಾವ, ಸೋಮವಾರ ನೀವು ಮುಟ್ಟಿದ್ರಿ, ಏನೂ ಆಗ್ಲಿಲ್ಲ. ಮಂಗಳವಾರ ಇವಳಿಗೆ ಹೊಡೀತು. ಮಧ್ಯದಲ್ಲಿ ಏನಾಯ್ತು?"

"ಏನೂ ಆಗ್ಲಿಲ್ಲ. ದೇವರಾಣೆ, ನಾನು ಅದನ್ನ ಮುಟ್ಟೇ ಇಲ್ಲ."

"ಇಸ್ತ್ರಿ ಪೆಟ್ಟಿಗೆ," ಅಂತ ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಷರಟು ಇಸ್ತ್ರಿ ಮಾಡ್ಕೊಳ್ಳೋಕೆ ನಿಮ್ಮ ಭಾವ ಪ್ಲಗ್ಗು ಕಿತ್ರು. ಆಮೇಲೆ ವಾಪಸ್ ಹಾಕಿದ್ರು."

"ಅದು ಹಾಕಿದೆ. ಪ್ಲಗ್ಗು ತಾನೇ, ಅದರಲ್ಲೇನಿದೆ?"

"ಅದರಲ್ಲೇ ಇದೆ," ಅಂದಳು ಫ್ಯೂಸು. "ಉಲ್ಟಾ ಹಾಕಿದ್ರಿ."

ಎರಡು ಪಿನ್ನಿನ ಪ್ಲಗ್ಗು. ಹೇಗೆ ತಿರುಗಿಸಿ ತುರುಕಿದರೂ ಹೋಗುತ್ತದೆ. ಸೋಮವಾರ ಕರೆಂಟಿರುವ ತಂತಿ, ಅದನ್ನು ತಡೆಯುವ ಕೆಪಾಸಿಟರಿನ ಕಡೆಗೆ ಬಿದ್ದಿತ್ತು, ಪಟ್ಟಿ ಸಾಧುವಾಗಿತ್ತು. ಮಂಗಳವಾರ ಅದೇ ತಂತಿ ಬೋರ್ಡಿನ ಇನ್ನೊಂದು ಕಡೆಯಿಂದ ಯಾವ ತಡೆಯೂ ಇಲ್ಲದೆ ನೇರವಾಗಿ ಪಟ್ಟಿಗೆ ಇಳಿದಿತ್ತು. ಪಟ್ಟಿಯ ಕತ್ತರಿಸಿದ ತುದಿಯ ತಾಮ್ರ ಮಿಷನ್ನಿನ ಒಂದು ತಿರುಪಿಗೆ ತಾಗಿಕೊಂಡಿತ್ತು. ಗೋಡೆಯಲ್ಲಿದ್ದದ್ದೆಲ್ಲ ಮಿಷನ್ನಿನ ಮೈಗೆ ಬಂದಿತ್ತು.

ಭಾವ ಸೋಲೊಪ್ಪುವವರಲ್ಲ. "ಮೀಟರ್ ಇಪ್ಪತ್ತನಾಲ್ಕೇ ತೋರಿಸ್ತಲ್ಲ ಮತ್ತೆ?"

"ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತನಾಲ್ಕು. ಪಟ್ಟಿಯಿಂದ ನೆಲಕ್ಕೆ ಎಷ್ಟು ಅಂತ ನೋಡಿದ್ರಾ? ಅಕ್ಕ ಕೂತಿದ್ದದ್ದು ಪಟ್ಟಿಯ ಎರಡು ತುದಿ ಹಿಡ್ಕೊಂಡಲ್ಲ. ಕೈ ಮಿಷನ್ ಮೇಲಿತ್ತು, ಕಾಲು ನೆಲದ ಕಡೆಗಿತ್ತು."

ಭಾವ ಬೋರ್ಡಿನ ಕಡೆ ಬಗ್ಗಿ ನೋಡಿದರು. ಅಡುಗೆಮನೆಯಲ್ಲಿ ಡಬ್ಬಿಯ ಸದ್ದು ನಿಂತಿತ್ತು. ಅಕ್ಕ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು.

"ಇವರು ಕರೆಂಟ್ ಇಳಿಸಿದ್ದೀನಿ ಅಂದಿದ್ರು," ಅಂದಳು.

"ಇಳಿಸೋದು ಬೇರೆ ಅಕ್ಕ, ಬಿಡಿಸೋದು ಬೇರೆ. ಇದು ಇಳಿಸುತ್ತೆ, ಬಿಡಿಸಲ್ಲ. ಗೋಡೆಗೂ ನಿನ್ನ ಮಿಷನ್ನಿಗೂ ಮಧ್ಯೆ ಹೊಲಿಗೆ ಬಿಚ್ಚೇ ಇಲ್ಲ."

ಹೊಲಿಗೆ ಅಂದದ್ದಕ್ಕೋ ಏನೋ, ಅಕ್ಕ ಒಂದು ಹೆಜ್ಜೆ ಒಳಗೆ ಬಂದಳು.

ಫ್ಯೂಸು ಚೀಲದಿಂದ ಎರಡು ಅಡಾಪ್ಟರು ತೆಗೆದಳು. ಒಂದು ಹೊಸದು, ಮೊಹರಾಗಿದ್ದದ್ದು, ಹನ್ನೆರಡು ವೋಲ್ಟಿನದು. ಅದರ ಬೆನ್ನಿನ ಮೇಲೆ ಎರಡು ಪದರದ ರಕ್ಷಣೆ ಇದೆ ಅನ್ನುವ, ಚೌಕದೊಳಗೊಂದು ಚೌಕದ ಗುರುತಿತ್ತು. ಇನ್ನೊಂದು ಅದೇ ಜಾತಿಯದು, ಸತ್ತದ್ದು, ಅಂಗಡಿಯಲ್ಲಿ ಸೀಳಿ ತಂದಿದ್ದಳು. ಅದರ ಹೊಟ್ಟೆಯಲ್ಲಿ ಹಳದಿ ಟೇಪು ಸುತ್ತಿದ ಪುಟ್ಟ ಟ್ರಾನ್ಸ್‌ಫಾರ್ಮರು. ಟೇಪು ಬಿಚ್ಚಿ, ಒಳಗಿನ ಸುರುಳಿ ಒಂದು, ಹೊರಗಿನ ಸುರುಳಿ ಇನ್ನೊಂದು, ಬೇರೆ ಬೇರೆ ಮಾಡಿ ಅಕ್ಕನ ಅಂಗೈ ಮೇಲಿಟ್ಟಳು.

"ಇದು ಗೋಡೆ ಕಡೆಯ ತಂತಿ. ಇದು ನಿನ್ನ ಕಡೆಯ ತಂತಿ. ಎಲ್ಲಾದ್ರೂ ಸೇರಿದ್ಯಾ ನೋಡು."

ಅಕ್ಕ ಕಿಟಕಿಗೆ ಹೋಗಿ, ಕನ್ನಡಕ ಮೂಗಿಗೇರಿಸಿ, ತಂತಿಯ ತುದಿಗಳನ್ನು ಒಂದೊಂದಾಗಿ ಹಿಡಿದು ಹಿಂಬಾಲಿಸಿದಳು. ಬಟ್ಟೆಯಲ್ಲಿ ಎಳೆ ಹುಡುಕಿದ ಕೈ ಅದು, ಮೋಸ ಹೋಗುವುದಿಲ್ಲ.

"ಸೇರಿಲ್ಲ," ಅಂದಳು ಕೊನೆಗೆ. "ಮತ್ತೆ ಕರೆಂಟ್ ಹೆಂಗೆ ಬರುತ್ತೆ?"

"ಆ ಕಡೆ ಕಂಪಿಸಿದ್ರೆ ಈ ಕಡೆ ಎಬ್ಬಿಸುತ್ತೆ, ಮುಟ್ಟದೇನೇ. ನಾನು ದಿನಾ ಮಾಡೋ ಕೆಲಸಾನೇ ಇದು."

ಭಾವ ಉತ್ಸಾಹ ತಡೆಯಲಾರದೆ, "ಹಾಕಿ ಒಂದ್ಸಲ ಮುಟ್ಟಿ ತೋರಿಸ್ಬಿಡು, ಇವಳಿಗೂ ಧೈರ್ಯ ಬರುತ್ತೆ," ಅಂದರು.

"ಮುಟ್ಟಿ ನೋಡೋದು ಪರೀಕ್ಷೆ ಅಲ್ಲ ಭಾವ. ಸೋಮವಾರ ನೀವೂ ಮುಟ್ಟಿದ್ರಿ."

ಭಾವನ ಮುಖ ಇಷ್ಟು ಸಣ್ಣದಾಯಿತು. ಎರಡು ದಿನದಲ್ಲಿ ಮೊದಲ ಬಾರಿಗೆ ಅಕ್ಕನ ತುಟಿಯ ಮೂಲೆ ಅಲುಗಿತು.

ಫ್ಯೂಸು ಚೀಲದ ತಳದಿಂದ ಮೆಗ್ಗರ್ ತೆಗೆದಳು. ಕೈಯಿಂದ ತಿರುಗಿಸುವ ಹಿಡಿ, ಮೇಲೊಂದು ಮುಳ್ಳು, ಎರಡು ತಂತಿ. ಸುತ್ತಿದ ಮೋಟರಿನಲ್ಲಿ ಎಲ್ಲಾದರೂ ಸೋರಿಕೆ ಇದೆಯೇ ಎಂದು ಅಂಗಡಿಯಲ್ಲಿ ನೋಡುವುದು ಇದರಲ್ಲೇ. ಮೊದಲು ಭಾವನ ಬೋರ್ಡು. ಒಂದು ತಂತಿ ಪ್ಲಗ್ಗಿನ ಪಿನ್ನಿಗೆ, ಇನ್ನೊಂದು ಎಲ್‌ಇಡಿ ಪಟ್ಟಿಗೆ ಸಿಕ್ಕಿಸಿದಳು. ಗೋಡೆಗೆ ಯಾವುದನ್ನೂ ಹಾಕಿರಲಿಲ್ಲ.

"ಅಕ್ಕ, ನೀನೇ ತಿರುಗಿಸು. ತಂತಿಗಳ ತುದಿ ಮುಟ್ಬೇಡ, ಹಿಡಿ ಮಾತ್ರ."

"ನಾನಾ?"

"ಚಕ್ರ ತಿರುಗಿಸೋದ್ರಲ್ಲಿ ನಿನ್ನದು ಎತ್ತಿದ ಕೈ ಅಲ್ವಾ."

ಅಕ್ಕ ತಿರುಗಿಸಿದಳು. ಮುಳ್ಳು ದೊಪ್ಪೆಂದು ಸೊನ್ನೆಗೆ ಹೋಗಿ ಬಿತ್ತು.

"ಸೊನ್ನೆ ಅಂದ್ರೆ ತಡೆಯೋರು ಯಾರೂ ಇಲ್ಲ," ಅಂದಳು ಫ್ಯೂಸು.

ಆಮೇಲೆ ಹೊಸ ಅಡಾಪ್ಟರು. ಅಕ್ಕ ಮತ್ತೆ ತಿರುಗಿಸಿದಳು. ಮುಳ್ಳು ಇನ್ನೊಂದು ಕೊನೆಯಲ್ಲಿ, ಅಡ್ಡ ಮಲಗಿದ ಎಂಟರಂಥ ಅನಂತದ ಗುರುತಿನ ಹತ್ತಿರ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಕ್ಕ ಇನ್ನಷ್ಟು ಜೋರಾಗಿ ತಿರುಗಿಸಿದಳು. ಅದು ಅಲ್ಲೇ ಇತ್ತು.

"ಸರಿ, ಕಳಚು ಅದನ್ನ," ಅಂದಳು ಅಕ್ಕ. ಫ್ಯೂಸು ತಂತಿಗೆ ಕೈ ಹಾಕಿದಳು. ಇಷ್ಟು ಮಾಡಿದ್ದೂ ನೀರಲ್ಲಿ ಹೋಮವಾಯಿತೇ ಅಂದುಕೊಂಡಳು. ಅಷ್ಟರಲ್ಲಿ ಅಕ್ಕ ಮಾತು ಮುಗಿಸಿದಳು. "ಇನ್ನೊಂದು ಪಿನ್ನಿಗೆ ಹಾಕು. ಉಲ್ಟಾ ಹಾಕಿದ್ರೂ ಹಿಂಗೇ ಇರುತ್ತಾ ಅಂತ ನೋಡ್ಬೇಕು."

ಫ್ಯೂಸಿಗೆ ಅಕ್ಕನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಅಂಗಡಿಗೆ ಕೆಲಸ ಕಲಿಯಲು ಬರುವವರಿಗೆ ಈ ಪ್ರಶ್ನೆ ಕೇಳುವುದು ಕಲಿಸಲು ಅವಳಿಗೆ ಆರು ತಿಂಗಳು ಹಿಡಿಯುತ್ತದೆ. ಪಿನ್ನು ಬದಲಾಯಿಸಿದಳು. ಅಕ್ಕ ತಿರುಗಿಸಿದಳು. ಮಲಗಿದ ಎಂಟು ಮಲಗಿದಲ್ಲೇ ಇತ್ತು.

ಅಕ್ಕ ಎದ್ದು ಹೋಗಿ ಮಿಷನ್ನಿನ ಮುಸುಕು ಎಳೆದಳು.

ಉಳಿದದ್ದು ಎರಡು ಗಂಟೆಯ ಕೆಲಸ. ಹನ್ನೆರಡು ವೋಲ್ಟಿನ ಹೊಸ ಪಟ್ಟಿಯ ಕತ್ತರಿಸಿದ ತುದಿಗಳನ್ನು ಫ್ಯೂಸು ಮುಚ್ಚಿ, ಇಡೀ ಪಟ್ಟಿಯನ್ನು ಪ್ಲಾಸ್ಟಿಕ್ಕಿನ ಪಾರದರ್ಶಕ ಕೊಳವೆಯೊಳಗೆ ಕೂರಿಸಿ, ಆಮೇಲೆ ಮಿಷನ್ನಿನ ತೋಳಿನ ಕೆಳಗೆ ಕಟ್ಟಿದಳು. ಪಟ್ಟಿ ಎಳೆಯುವುದು ಅರ್ಧ ಆಂಪಿಯರು, ಅಡಾಪ್ಟರು ಕೊಡುವುದು ಒಂದು, ಬಿಸಿಯಾಗುವ ಭಯವಿಲ್ಲ. ಅಡಾಪ್ಟರನ್ನು ಬಟ್ಟೆಯ ರಾಶಿಯಿಂದ ದೂರ, ಗಾಳಿಯಾಡುವ ಕಡೆ ಗೋಡೆಗೆ ಬಿಗಿದಳು. ಮೇನ್ ಆರಿಸಿ, ಸೋರಿಕೆ ಕಂಡರೆ ತಾನೇ ಬೀಳುವ ಟ್ರಿಪ್ ಸ್ವಿಚ್ಚೊಂದನ್ನು ಗೋಡೆಯ ಸ್ವಿಚ್ ಬೋರ್ಡಿಗೆ ಸೇರಿಸಿದಳು. ಭಾವ ತಿರುಪುಗಳನ್ನು ಅಂಗೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಒಂದು ಸಲಹೆಯನ್ನೂ ಕೊಡಲಿಲ್ಲ. ಇದು ಅವರ ಜೀವಮಾನದ ಸಾಧನೆ.

ಸ್ವಿಚ್ಚು ಹಾಕಿದಾಗ ಸೂಜಿಯ ಸುತ್ತ ಬೆಳಕು ಬಿತ್ತು. ಬಿಳಿ, ತಣ್ಣಗೆ, ನೆರಳಿಲ್ಲದ ಬೆಳಕು. ಅಕ್ಕ ಕೂತಳು. ಚಕ್ರದ ಹತ್ತಿರ ಹೋದ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಇಟ್ಟಳು. ದಾರ ಪೋಣಿಸಿದಳು, ಕಾಲರಿನ ಎರಡು ಪದರ ಜೋಡಿಸಿದಳು, ತುಳಿದಳು. ಟಕಟಕ ಸದ್ದು ಕೋಣೆ ತುಂಬಿತು. ಕಾಲರು ಮುಗಿಸಿ ಕಣ್ಣ ಹತ್ತಿರ ಹಿಡಿದಳು, ದೂರ ಹಿಡಿದಳು. ಕರಿ ಬಟ್ಟೆಯ ಮೇಲೆ ಕರಿ ಹೊಲಿಗೆ, ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಫ್ಯೂಸಿನ ಕಣ್ಣು ತುಂಬಿತು. ಅದನ್ನು ಮುಚ್ಚಿಡಲು ಅವಳು ಚೀಲ ಜೋಡಿಸತೊಡಗಿದಳು.

ಅಕ್ಕ ಗೂಟದಿಂದ, ಮುಗಿದ ಆರರಲ್ಲಿ ಒಂದು ಕೋಟು ತೆಗೆದು ಬೆಳಕಿನ ಕೆಳಗೆ ಹರಡಿದಳು. ಬಹಳ ಹೊತ್ತು ನೋಡಿದಳು. ಭುಜದ ಹೊಲಿಗೆ ದಾರಿ ತಪ್ಪಿ ಅಂಚಿನ ಕಡೆ ಹೋಗಿ, ಮತ್ತೆ ವಾಪಸ್ಸು ಬಂದಿತ್ತು. ಜೇಬಿನ ಮೂಲೆಯಲ್ಲಿ ಎರಡು ಸಲ ಓಡಿತ್ತು. ಎರಡನೆಯ ಕೋಟು ತೆಗೆದಳು, ಮೂರನೆಯದು ತೆಗೆದಳು. ಎಲ್ಲ ಅದೇ ಕಥೆ.

"ನಿನಗೆ ಗೊತ್ತಿತ್ತಾ?" ಅಂತ ತಂಗಿಯನ್ನು ಕೇಳಿದಳು.

ಫ್ಯೂಸು ಸುಳ್ಳು ಹೇಳಲು ನೋಡಿದಳು, ಆಗಲಿಲ್ಲ. "ಗೊತ್ತಿತ್ತು. ವರ್ಷದಿಂದ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೊಲಿಯೋದು ಬಿಡ್ತಿದ್ದೆ."

ಅಕ್ಕ ಬ್ಲೇಡು ತೆಗೆದುಕೊಂಡು ಮೊದಲನೇ ಕೋಟಿನ ಭುಜ ಬಿಚ್ಚತೊಡಗಿದಳು, ಒಂದೊಂದೇ ಹೊಲಿಗೆ, ಬಟ್ಟೆಗೆ ನೋವಾಗದಂತೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬ್ಲೇಡನ್ನು ತಂಗಿಯ ಕಡೆ ಚಾಚಿದಳು.

"ಕೂತ್ಕೋ. ನೀನೂ ಬಿಚ್ಚು. ಇನ್ಮೇಲೆ ಹೇಳ್ಬೇಕು ನೀನು."

"ಇನ್ಮೇಲೆ ನಾನ್ಯಾಕೆ ಹೇಳ್ಲಿ? ನಿನಗೇ ಕಾಣುತ್ತಲ್ಲ."

ಅಕ್ಕ ನಕ್ಕಳು. ಕೈ ಮಾತ್ರ ನಿಲ್ಲಲಿಲ್ಲ.

ಶನಿವಾರ ಸಂಜೆ ಕೋಟಿನಂಗಡಿಯವರು ಬಂದಾಗ ಹದಿನೆಂಟು ಕೋಟು ಸಾಲಾಗಿ ನೇತಾಡುತ್ತಿದ್ದವು. ಒಂದನ್ನು ತಿರುಗಿಸಿ ಒಳಮೈ ನೋಡಿದರು, ಇನ್ನೊಂದನ್ನು ನೋಡಿದರು. ಮೂರನೆಯದನ್ನು ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಮುಂದಿನ ವಾರ ಇನ್ನೊಂದು ಕಟ್ಟು ಬರುತ್ತೆ, ಮಾಡ್ತೀರಾ ಅಂತ ಕೇಳಿದರು. ಅಕ್ಕ ಬೆಳಕಿನ ಕೆಳಗಿನಿಂದ ತಲೆಯೆತ್ತಲಿಲ್ಲ.

"ಇದಕ್ಕಿಂತ ಕರಿ ಬಟ್ಟೆ ಇದ್ರೆ ಅದನ್ನೇ ತನ್ನಿ," ಅಂದಳು.