ಕೈಗುಣಕ್ಕೆ ಬಂದ ಗಿರಾಕಿ

ಎರಡು ಸಂಸಾರ ಒಂದೇ ಅಡುಗೆಮನೆ ಹಂಚಿಕೊಂಡರೆ ಗುಟ್ಟು ಎನ್ನುವುದು ಉಳಿಯುವುದಿಲ್ಲ. ಯಾರಿಗೆ ಇವತ್ತು ಅಂಜಲ್ ಮೀನು, ಯಾರಿಗೆ ನಿನ್ನೆಯ ಸಾರು ಎಂದು ಮೂಗೇ ಹೇಳಿಬಿಡುತ್ತದೆ. ಬರ್ ದುಬೈಯ ಹಳೇ ಕಟ್ಟಡದ ಶೇರಿಂಗ್ ಫ್ಲ್ಯಾಟಿನಲ್ಲಿ ವಸಂತಿ ಮತ್ತು ಭವ್ಯಶ್ರೀ ಹಾಗೆ ಬಾಳಿದವರು. ಒಂದು ಕೋಣೆ ಇವರಿಗೆ, ಒಂದು ಕೋಣೆ ಅವರಿಗೆ, ನಡುವೆ ಒಂದು ಸಿಂಕು.

ಪಾತ್ರೆ ತೊಳೆಯುವ ಮೊದಲು ಭವ್ಯಶ್ರೀ ತನ್ನ ಬಳೆಗಳನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದಳು. ಅಜ್ಜಿಯಿಂದ ಬಂದ ಗಟ್ಟಿ ಚಿನ್ನದ ಜೋಡಿ. ಅದರಲ್ಲೊಂದಕ್ಕೆ ಅರೆಯುವ ಕಲ್ಲು ತಾಗಿ ಭತ್ತದ ಕಾಳಿನಷ್ಟು ತಗ್ಗು ಬಿದ್ದಿತ್ತು. ಆ ತಗ್ಗು ಭವ್ಯಶ್ರೀಗಿಂತ ಚೆನ್ನಾಗಿ ವಸಂತಿಗೆ ಗೊತ್ತಿತ್ತು. ಯಾರೂ ಇಲ್ಲದಾಗ ಒಮ್ಮೆ ಆ ಬಳೆಯನ್ನು ತನ್ನ ಕೈಗೇರಿಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಇದ್ದಲ್ಲೇ ಇಟ್ಟಿದ್ದಳು. ಹೊಟ್ಟೆಕಿಚ್ಚು ಎಂದರೆ ಹಾಗೆ. ಅದು ಕದಿಯುವುದಿಲ್ಲ, ಆದರೆ ಮರೆಯುವುದೂ ಇಲ್ಲ.

ಬಳೆಯ ಉರಿ ಆರುವ ಮೊದಲೇ ಇನ್ನೊಂದು ಹತ್ತಿಕೊಂಡಿತು. ಭವ್ಯಶ್ರೀಯ ಗಂಡ ಪೃಥ್ವಿರಾಜ್ ಕಾರ್ಗೋ ಕಂಪನಿಯ ಕೆಲಸ ಬಿಟ್ಟ. "ಇನ್ನು ನಾನು ಯಾರ ಕೈಕೆಳಗೂ ಇಲ್ಲ. ಕ್ರಾಪ್ಸ್ ಆಡಿ ಬದುಕುವವ," ಎಂದ. ಕ್ರಾಪ್ಸ್ ಎಂದರೆ ದಾಳದ ಜೂಜು. ಉದ್ದನೆಯ ಮೇಜು, ಎರಡು ದಾಳ. ಎಸೆದಾಗ ಯಾವ ಸಂಖ್ಯೆ ಬೀಳುತ್ತದೆ ಎಂದು ಪಣ ಕಟ್ಟುವುದು. ಅವನು ವಿಮಾನ ಹತ್ತಿ ಜಾರ್ಜಿಯಾ ದೇಶದ ಕ್ಯಾಸಿನೊಗಳಿಗೆ ಹೋಗಿ ಬರತೊಡಗಿದ. ನೋಡುನೋಡುತ್ತಿದ್ದಂತೆ ಗಂಡ ಹೆಂಡತಿ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಗೋಪುರದಂಥ ಕಟ್ಟಡಕ್ಕೆ ಮನೆ ಬದಲಿಸಿದರು.

ಅಲ್ಲಿಂದ ಶುರುವಾಯಿತು ವಸಂತಿಯ ಯಾತನೆ. ದಿನ ಬೆಳಗಾದರೆ ಭವ್ಯಶ್ರೀಯ ವಾಟ್ಸಾಪ್ ಸ್ಟೇಟಸ್. ಸಮುದ್ರ ಕಾಣುವ ಕಿಟಕಿ, ಬಿಳಿ ಸೋಫಾ, ಹಿಮ ಬಿದ್ದ ಬೆಟ್ಟದೆದುರು ಕೋಟು ಹಾಕಿ ನಿಂತ ಪೃಥ್ವಿರಾಜ್. ಒಂದೊಂದು ಫೋಟೊವೂ ಹೊಟ್ಟೆಗೆ ಒಣಮೆಣಸು ಅರೆದು ಹಚ್ಚಿದಂತೆ. ಆದರೂ ನೋಡದೆ ಇರಲಾರಳು.

"ಮಮ್ಮಿ, ಯು ಸಾ ಇಟ್ ಆಲ್ರೆಡಿ," ಎನ್ನುತ್ತಿದ್ದಳು ಮಗಳು ದೀಕ್ಷಿತಾ.

"ನೀನು ಓದು. ನಿನ್ನಪ್ಪನ ಹಾಗೆ ಬಟ್ಟೆ ಮಡಚಿಕೊಂಡೇ ಇರ್ಬೇಡ."

ಅಪ್ಪ ಗುಣಪಾಲ ಬಟ್ಟೆ ಮಡಚುವವನೇ ಹೌದು. ಬರ್ ದುಬೈಯ ಜವಳಿ ಅಂಗಡಿಯಲ್ಲಿ ಸೇಲ್ಸ್‌ಮನ್. ಆದರೆ ಅವನಿಗೊಂದು ಹೆಸರಿತ್ತು. ಅಂಗಡಿಯ ಸೇಠ್ ದಿನದ ಬೋಣಿಯನ್ನು ಅವನ ಕೈಯಿಂದಲೇ ಮಾಡಿಸುತ್ತಿದ್ದ. ಮೊದಲ ಗಿರಾಕಿಯ ಬಟ್ಟೆ ಗುಣಪಾಲನೇ ಹರಿದು ಕೊಡಬೇಕು, ಮೊದಲ ನೋಟು ಅವನೇ ಮುಟ್ಟಬೇಕು. ಆಮೇಲೆ ವ್ಯಾಪಾರ ನೀರಿನಂತೆ ಹರಿಯುತ್ತದೆ ಎಂಬ ನಂಬಿಕೆ. ಊರಿನ ಪರಿಚಯದವರೂ ಹೊಸ ಅಂಗಡಿ ತೆರೆದರೆ ಅವನನ್ನೇ ಕರೆಯುತ್ತಿದ್ದರು. "ಗುಣಪಾಲಣ್ಣನ ಕೈಗುಣ ಅಂದ್ರೆ ಕೈಗುಣ!"

ಒಂದು ಭಾನುವಾರ ಆ ಕೈಗುಣಕ್ಕೇ ಗಿರಾಕಿ ಬಂದ. ಪೃಥ್ವಿರಾಜ್ ಮನೆಗೆ ಬಂದು ಗುಣಪಾಲನ ಎರಡೂ ಕೈ ಹಿಡಿದುಕೊಂಡ.

"ಅಣ್ಣ, ಈ ಕೈಯನ್ನು ನೀವು ಕತ್ತರಿ ಹಿಡಿದು ಹಾಳು ಮಾಡ್ತಾ ಇದ್ದೀರಿ. ದಾಳ ಎಸೀಲಿಕ್ಕೆ ಇಂಥ ಕೈಯೇ ಬೇಕು. ನೀವು ಎಸೆಯಿರಿ, ನಾನು ಪಣ ಕಟ್ತೇನೆ. ಆದದ್ದು ಅರ್ಧ ಅರ್ಧ."

"ನನಗೆ ಆ ಆಟ ಎಂತ ಗೊತ್ತುಂಟು ಪೃಥ್ವಿ?"

"ಕಲಿಸ್ತೇನೆ. ಆದರೆ ವಾರದ ನಡುವೆ ಹೋಗ್ಬೇಕಾಗ್ತದೆ. ಕೆಲಸ ಬಿಡ್ಬೇಕು. ಬಿಟ್ರೆ ಇಷ್ಟು ವರ್ಷದ ಸರ್ವಿಸಿನ ದುಡ್ಡು ಬರ್ತದಲ್ಲ, ಅದೇ ನಮ್ಮ ಬಂಡವಾಳ."

ಗಲ್ಫಿನಲ್ಲಿ ಕೆಲಸ ಬಿಡುವುದೆಂದರೆ ಏನೆಂದು ಗುಣಪಾಲನಿಗೆ ಗೊತ್ತಿತ್ತು. ಕೆಲಸ ಹೋದರೆ ವೀಸಾ ಹೋಯಿತು. ಅವನ ವೀಸಾದ ಮೇಲೆ ಹೆಂಡತಿಯದು, ಮಗಳದು, ಮಗಳ ಶಾಲೆ. ಒಂದು ನೂಲು ಎಳೆದರೆ ಇಡೀ ಸೀರೆ ಬಿಚ್ಚಿಕೊಳ್ಳುತ್ತದೆ. ಅವನು ತಲೆ ಕೆರೆದುಕೊಂಡ. ಆದರೆ ವಸಂತಿಯ ಕಣ್ಣಲ್ಲಿ ಆಗಲೇ ಬಿಳಿ ಸೋಫಾ ಬಂದು ಕೂತಿತ್ತು.

"ಅವರಿಗೆ ಆಗ್ತದಂತೆ, ನಮಗೆ ಯಾಕೆ ಆಗುದಿಲ್ಲ? ಅವನಿಗೆ ಕೈಗುಣ ಸಹ ಇಲ್ಲ!" ಎಂದು ಆ ವಾರವಿಡೀ ಗಂಡನನ್ನು ಕುಟ್ಟಿದಳು. ಕಡೆಗೆ ಗುಣಪಾಲ ರಾಜೀನಾಮೆಯನ್ನು ಫೋನಿನಲ್ಲಿ ಬರೆದಿಟ್ಟ. ಕಳಿಸುವುದೊಂದು ಬಾಕಿ.

ಭವ್ಯಶ್ರೀ ಬಿಟ್ಟುಹೋದ ಕೋಣೆಗೆ ಈಗ ಆನ್ ಮರಿಯಾ ಬಂದಿದ್ದಳು, ಬಜ್ಪೆ ಕಡೆಯವಳು. ಈಗ ಹೋಟೆಲಿನ ರಿಸೆಪ್ಶನ್ ಕೆಲಸ. ಅದಕ್ಕೂ ಮೊದಲು ಪ್ರವಾಸಿ ಹಡಗಿನ ಕ್ಯಾಸಿನೊದಲ್ಲಿ ಇದೇ ದಾಳದ ಮೇಜಿನ ಹಿಂದೆ ನಿಂತು ದುಡಿದವಳು. ಒಂದೇ ಅಡುಗೆಮನೆಯಲ್ಲವೇ? ವಸಂತಿಯ ಮಾತು ಅವಳ ಕಿವಿಗೂ ಬಿತ್ತು.

"ವಸಂತಿಯಕ್ಕ, ಬೇಡ. ಅದರಲ್ಲಿ ಯಾರೂ ಬದುಕುದಿಲ್ಲ."

"ಪೃಥ್ವಿರಾಜ ಬದುಕ್ತಾ ಇಲ್ವಾ?"

"ಮೇಜಿನ ಈಚೆ ನಿಂತು ಆಡಿ ಬದುಕಿದವರನ್ನು ನಾನು ಕಾಣಲಿಲ್ಲ. ಆಚೆ ನಿಂತವರು ಬದುಕ್ತೇವೆ. ನಮಗೆ ಸಂಬಳ ಉಂಟು."

ಆನ್ ಮರಿಯಾ ಗುಣಪಾಲನನ್ನೂ ಕರೆದು, ದೀಕ್ಷಿತಾಳ ಲೂಡೊ ದಾಳ ತರಿಸಿದಳು. ಒಂದು ತಟ್ಟೆ ಖರ್ಜೂರ ಎದುರಿಗಿಟ್ಟಳು.

"ಏಳು ಬೀಳ್ತದೆ ಅಂತ ಪ್ರತಿ ಸಲ ಒಂದು ಖರ್ಜೂರ ಕಟ್ಟಿ. ಎರಡು ದಾಳದಲ್ಲಿ ಏಳು ಬೀಳುದು ಸರಾಸರಿ ಆರು ಸಲಕ್ಕೆ ಒಂದು ಸಲ. ಅಂದ್ರೆ ಐದು ಸಲ ಸೋತ್ರಿ, ಐದು ಖರ್ಜೂರ ಹೋಯ್ತು. ಒಂದು ಸಲ ಗೆದ್ರಿ. ನ್ಯಾಯಕ್ಕೆ ನಿಮಗೆ ಎಷ್ಟು ಬರ್ಬೇಕು?"

"ಐದು," ಎಂದ ಗುಣಪಾಲ.

"ಅವರು ಕೊಡುದು ನಾಲ್ಕು."

"ಮತ್ತೊಂದು?"

ಆನ್ ಮರಿಯಾ ಆ ಒಂದು ಖರ್ಜೂರವನ್ನು ತನ್ನ ಬಾಯಿಗೆ ಹಾಕಿಕೊಂಡಳು. "ಅದು ಕ್ಯಾಸಿನೊದ್ದು. ಒಂದೊಂದು ಪಣಕ್ಕೆ ಒಂದೊಂದು ಕಡಿತ. ಕೆಲವದಕ್ಕೆ ತುಂಬಾ, ಕೆಲವದಕ್ಕೆ ಸ್ವಲ್ಪ. ಒಂದು ದಿನ ನೀವು ಗೆಲ್ಲಬಹುದು, ಅಣ್ಣ. ಆದರೆ ಆಡ್ತಾ ಆಡ್ತಾ ಹೋದ ಹಾಗೆ ತಟ್ಟೆ ಖಾಲಿ."

"ಇವರ ಕೈಗುಣ ನಿನಗೆ ಗೊತ್ತಿಲ್ಲ," ಎಂದಳು ವಸಂತಿ.

"ಕೈಯಿಂದ ಬಿಟ್ಟ ದಾಳ ಮೇಜಿನ ಆ ತುದಿಯ ಗೋಡೆಗೆ ಬಡೀಬೇಕು ಅಂತ ನಿಯಮ ಉಂಟು ಅಕ್ಕ. ಆ ಗೋಡೆ ತುಂಬ ರಬ್ಬರಿನ ಮೊನೆ. ತಾಗಿದ ದಾಳ ಎತ್ತ ಹಾರ್ತದೆ ಅಂತ ದೇವರಿಗೂ ಗೊತ್ತಿಲ್ಲ. ಅಣ್ಣನ ಕೈಗುಣ ಆ ಗೋಡೆಯವರೆಗೆ ಮಾತ್ರ."

ಗುಣಪಾಲ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡ. ವಸಂತಿ ಸಿಡುಕಿದಳು. "ನಾವು ಮೇಲೆ ಬರುದು ನಿನಗೆ ಆಗುದಿಲ್ಲ. ಹೊಟ್ಟೆಕಿಚ್ಚು ನಿನಗೆ, ಮಾರಾಯ್ತಿ!"

ಹೊಟ್ಟೆಕಿಚ್ಚಿನವರಿಗೆ ಎದುರಿಗಿದ್ದವರೆಲ್ಲ ಹೊಟ್ಟೆಕಿಚ್ಚಿನವರಾಗಿಯೇ ಕಾಣುತ್ತಾರೆ. ಆನ್ ಮರಿಯಾ ನಕ್ಕು ತಟ್ಟೆ ಎತ್ತಿಟ್ಟಳು.

ಮುಂದಿನ ಶನಿವಾರ ಅಲ್ ರೀಮಿನಲ್ಲಿ ಊಟಕ್ಕೆ ಕರೆ ಬಂತು. ವಸಂತಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ಅಬುಧಾಬಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದರ ನೆರಿಗೆ ಸರಿಮಾಡುತ್ತಲೇ ಇದ್ದಳು.

ಮನೆ ಫೋಟೊದಲ್ಲಿದ್ದದ್ದಕ್ಕಿಂತ ದೊಡ್ಡದಿತ್ತು. ಅದೇ ಅವಳಿಗೆ ತಡೆಯಲಾಗದ ಸಂಕಟ. ಹಾಲಿನಲ್ಲಿ ರುವೈಸ್‌ನ ತೈಲ ಕಾರ್ಖಾನೆಯಿಂದ ಬಂದ ಟೆಕ್ನಿಶಿಯನ್ನರು, ದುಬೈಯ ದೇರಾದ ಅಂಗಡಿಯವರು, ಎಲ್ಲ ನಮ್ಮ ಕಡೆಯವರೇ. ಪೃಥ್ವಿರಾಜ್ ಪ್ರತಿಯೊಬ್ಬರ ಹೆಗಲ ಮೇಲೂ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದ. ವಸಂತಿಯ ಕಣ್ಣು ಸೋಫಾ ಅಳೆಯಿತು, ಪರದೆ ಅಳೆಯಿತು, ಭವ್ಯಶ್ರೀಯ ಸೀರೆಯ ಜರಿ ಅಳೆಯಿತು. ಕೊನೆಗೆ ತನ್ನ ಹಳೆಯ ಚಾಳಿಯಂತೆ ಬಳೆಗೆ ಬಂದು ನಿಂತಿತು.

ಅದೇ ಗಾತ್ರ. ಅದೇ ಹೊಳಪು. ಇಲ್ಲ, ಹೊಳಪು ಸ್ವಲ್ಪ ಹೆಚ್ಚೇ. ಭವ್ಯಶ್ರೀ ಪಾಯಸದ ಲೋಟ ಚಾಚಿದಾಗ ವಸಂತಿ ಒಂದು ಬಳೆ ನೋಡಿದಳು, ಇನ್ನೊಂದೂ ನೋಡಿದಳು.

ತಗ್ಗು ಇಲ್ಲ.

ಹಾಲಿನಲ್ಲಿದ್ದ ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಪ್ರೀತಿ ಇದ್ದವರೂ ಆ ಬಳೆಯನ್ನು ಅಷ್ಟು ನೋಡಿರಲಿಲ್ಲ. ವಸಂತಿ ಅವಳ ಹಿಂದೆಯೇ ಅಡುಗೆಮನೆಗೆ ನಡೆದಳು.

"ಭವ್ಯಾ, ಅಜ್ಜಿಯ ಬಳೆ ಎಲ್ಲಿ?"

"ಇದೇ ಅಲ್ವಾ ಅಕ್ಕ?"

"ಇದು ಒಂದು ಗ್ರಾಮಿನ ನಕಲಿ ಬಳೆ. ನನ್ನ ಹತ್ರ ಹೇಳ್ಬೇಡ. ಆ ಬಳೆ ನೋಡಿ ನೋಡಿ ನನ್ನ ಹೊಟ್ಟೆ ಎಷ್ಟು ಉರಿದಿದೆ ಅಂತ ನನಗೆ ಗೊತ್ತು."

ಭವ್ಯಶ್ರೀ ನಗಲು ನೋಡಿದಳು. ಆಗಲಿಲ್ಲ. ಹಳೇ ಅಭ್ಯಾಸದಂತೆ ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು.

"ಮೊದಲ ಚಳಿಗಾಲದಲ್ಲೇ ಹೋಯ್ತು ಅಕ್ಕ. ಬಳೆ, ಅವರ ಸರ್ವಿಸಿನ ದುಡ್ಡು, ಎಲ್ಲ. ಅವರು ಈಗ ದಾಳ ಮುಟ್ಟುದೇ ಅಪರೂಪ. ಕ್ಯಾಸಿನೊಗೆ ಜನ ಕಳಿಸುವ ಒಬ್ಬ ಏಜೆಂಟ್ ಇದ್ದಾನೆ. ಇವರು ಕರಕೊಂಡು ಹೋದವರು ಎಷ್ಟು ಸೋಲ್ತಾರೋ ಅದರಲ್ಲಿ ಇವರಿಗೊಂದು ಪಾಲು. ಈ ಮನೆ ಸಹ ಅವನದ್ದೇ, ತೋರಿಸ್ಲಿಕ್ಕೆ. ಇವತ್ತಿನ ಊಟ ಸಹ."

"ನನಗೆ ಯಾಕೆ ಮೊದಲೇ ಹೇಳ್ಲಿಲ್ಲ?"

"ಹೇಗೆ ಹೇಳುದು? ದಿನಾ ಸ್ಟೇಟಸ್ಸಿಗೆ ಮೊದಲು ನಿಮ್ಮ ಹೆಸರೇ ಕಾಣ್ತದೆ. ಯಾರಾದರೂ ಒಬ್ಬರು ನನ್ನನ್ನು ನೋಡಿ ಉರೀತಾ ಇದ್ದಾರಲ್ಲ ಅಂತ..." ಅವಳು ಕಣ್ಣೊರೆಸಿಕೊಂಡಳು. "ಆದರೆ ಅಕ್ಕ, ಉರಿಯುದು ನನಗೆ. ನಿಮ್ಮವರು ಊಟಕ್ಕೆ ಕೂತ್ರೆ ಫೋನನ್ನು ಹಾಗೇ ಮೇಲ್ಮುಖ ಇಡ್ತಾರೆ, ಯಾರದೇ ಫೋನ್ ಬಂದ್ರೂ ಎತ್ತುತ್ತಾರೆ. ಇವರು ಬೋರಲು ಹಾಕ್ತಾರೆ. ಅದು ಗುರ್ ಅಂದಾಗೆಲ್ಲ ನಾನು ಎದ್ದು ಒಳಗೆ ಹೋಗ್ತೇನೆ. ಆ ಫೋನ್ ಮಾಡುದೆಲ್ಲ ಇವರ ಜೊತೆ ಹೋಗಿ ಸೋತವರು."

ಇಷ್ಟು ವರ್ಷ ಕಾದ ಸುದ್ದಿ. ವಸಂತಿಗೆ ಖುಷಿಯಾಗಬೇಕಿತ್ತು. ಒಂದು ಕ್ಷಣ ಆಯಿತು ಕೂಡ. ಮರುಕ್ಷಣವೇ ಗಂಡನ ಫೋನಿನಲ್ಲಿದ್ದ ರಾಜೀನಾಮೆ ನೆನಪಾಯಿತು. ಅವನ ಬೆನ್ನಿಗೆ ಬಿದ್ದು ಅದನ್ನು ಬರೆಸಿದವಳು ತಾನೇ.

ಹಾಲಿನಲ್ಲಿ ಪೃಥ್ವಿರಾಜ್ ಗುಣಪಾಲನ ಬಲಗೈಯನ್ನು ಎಲ್ಲರೆದುರು ಮೇಲೆತ್ತಿ ಹಿಡಿದಿದ್ದ. "ನೋಡಿ, ಬರ್ ದುಬೈಯ ಬೋಣಿ ಕೈ! ಮುಂದಿನ ವಾರ ನಮ್ಮ ಜೊತೆ ಬರ್ತದೆ. ಅಣ್ಣ, ಯಲ್ಲಾ, ಬೇಗ ಆ ರಾಜೀನಾಮೆಯ ಮೆಸೇಜು ಇಲ್ಲೇ ಕಳಿಸಿ. ಶುಭಕಾರ್ಯ, ಎಲ್ಲರ ಎದುರೇ ಆಗ್ಲಿ."

ಗುಣಪಾಲನ ಎಡಗೈಯಲ್ಲಿ ಫೋನಿತ್ತು. ಹೆಬ್ಬೆರಳು ಅದರ ಮೇಲಿತ್ತು.

ವಸಂತಿ ಜನರ ನಡುವೆ ನುಗ್ಗಿ ಗಂಡನ ಬಲಗೈ ಕಿತ್ತುಕೊಂಡಳು.

"ಪೃಥ್ವಿ, ಒಂದು ಕೇಳ್ತೇನೆ. ಇವರು ಗೆದ್ರೆ ಅರ್ಧ ಅರ್ಧ ಅಂದಿ. ಇವರು ಸೋತ್ರೆ ನಿನಗೆಷ್ಟು?"

ಪಾಯಸದ ಲೋಟ ಹಿಡಿದವರೆಲ್ಲ ಇತ್ತ ತಿರುಗಿದರು.

"ಎಂತ ಅತ್ತಿಗೆ, ಯಾರು ಹೇಳಿದ್ದು..."

"ಹೌದಾ ಪೃಥ್ವಿ?" ಎಂದ ಗುಣಪಾಲ ಮೆಲ್ಲಗೆ. "ನಾನು ಸೋತ್ರೂ ನಿನಗೆ ಬರ್ತದಾ?"

ಪೃಥ್ವಿರಾಜ್ ಸುತ್ತ ನೋಡಿದ. ನಗುವನ್ನು ಎಳೆದು ತಂದ. "ಕಮಿಷನ್ ಇಲ್ಲದ ಬಿಸಿನೆಸ್ ಯಾವುದುಂಟು ಅಣ್ಣ?"

ಆ ಒಂದು ಮಾತು ಸಾಕಾಯಿತು. ರುವೈಸ್‌ನಿಂದ ಬಂದವನೊಬ್ಬ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟು ತನ್ನ ಚಪ್ಪಲಿ ಹುಡುಕತೊಡಗಿದ. ಅವನ ಹಿಂದೆ ಇನ್ನಿಬ್ಬರು.

"ಈ ಕೈ ನಿನಗೆ ಕೊಡ್ಲಿಕ್ಕಿಲ್ಲ," ಎಂದಳು ವಸಂತಿ. "ಸೋಮವಾರ ಇದಕ್ಕೆ ಬೋಣಿ ಉಂಟು. ಖಲಾಸ್." ಬಾಗಿಲ ಬಳಿ ನಿಂತು ಒಳಗೆ ಕೂಗಿದಳು. "ಭವ್ಯಾ, ಬಾಗಿಲು ಹಾಕಿಕೊಂಡು ಒಬ್ಬಳೇ ಅಳ್ಬೇಡ. ನಮ್ಮ ಅಡುಗೆಮನೆ ಅಲ್ಲೇ ಉಂಟು. ಬಾ."

ಬಸ್ಸಿನಲ್ಲಿ ಗುಣಪಾಲ ಆ ರಾಜೀನಾಮೆಯನ್ನು ಅಳಿಸಿ ಹೆಂಡತಿಗೆ ತೋರಿಸಿದ.

"ಆನ್ ಮರಿಯಾಳಿಗೆ ಒಂದು ಡಬ್ಬ ಖರ್ಜೂರ ತಕೊಳ್ಳುವ," ಎಂದಳು ವಸಂತಿ. "ನಾನು ಬಾಯಿಗೆ ಬಂದದ್ದು ಹೇಳಿದೆ ಅವಳಿಗೆ."

"ಆಯ್ತು."

"ಮತ್ತೆ, ಆ ಕಿಟಕಿ ಮಾತ್ರ ಚಂದ ಉಂಟು, ಅಲ್ವಾ?"

ಗುಣಪಾಲ ನಕ್ಕ. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ, ಮೇಲ್ಮುಖವಾಗಿ.

ಓದುತ್ತಿರುವ ಅಕ್ಕ, ಅಣ್ಣ, ನಿಮಗೆ ನೇರವಾಗಿಯೇ ಹೇಳುತ್ತೇವೆ. ದಾಳ ಎಸೆದು ಸಂಸಾರ ಸಾಕುತ್ತೇನೆ ಎನ್ನುವವನು ನಿಮ್ಮನ್ನೇಕೆ ಕರೆಯುತ್ತಾನೆ? ಬಾವಿಯಲ್ಲಿ ನೀರಿದ್ದವನು ನೆರೆಮನೆಯ ಕೊಡಕ್ಕೆ ಕೈ ಹಾಕುತ್ತಾನೆಯೇ? ನೀವು ಸೋತ ದುಡ್ಡೇ ಅವನ ಸಂಬಳ, ನಿಮ್ಮ ಬೆವರೇ ಅವನ ಬಿಳಿ ಸೋಫಾ. ಅದನ್ನು ಉದ್ಯೋಗ ಎಂದು ಕರೆಯುವವರ ನಾಲಿಗೆಗೆ ನಾಚಿಕೆಯಿಲ್ಲ. ದುಬೈ, ಅಬುಧಾಬಿಯ ಈ ನೆಲದಲ್ಲಿ ಪರವಾನಗಿಯಿಲ್ಲದ ಜೂಜು ಅಪರಾಧ. ಫೋನಿಗೆ ಬರುವ ಜೂಜಿನ ಲಿಂಕನ್ನೂ ಮುಟ್ಟಬೇಡಿ. ಪರವಾನಗಿ ಇರುವ ಮೇಜೇ ಆದರೂ ತಟ್ಟೆಯಿಂದ ಒಂದು ಖರ್ಜೂರ ಹೋಗಿಯೇ ಹೋಗುತ್ತದೆ.

ಆಗಲೇ ಸಿಕ್ಕಿಬಿದ್ದಿದ್ದರೆ ಮುಚ್ಚಿಡಬೇಡಿ. ಕಳೆದದ್ದನ್ನು ಆಡಿ ಗೆಲ್ಲುತ್ತೇನೆಂದು ಮತ್ತೆ ಹೋಗಬೇಡಿ. ಮನೆಯವರಿಗೆ ಹೇಳಿ, ನಂಬುವ ಗೆಳೆಯರಿಗೆ ಹೇಳಿ, ವೈದ್ಯರ ನೆರವು ಕೇಳಿ. ನೆರೆಯವರ ಹೊಳೆಯುವ ಬಳೆ ಕಂಡು ಹೊಟ್ಟೆ ಉರಿದರೆ ಉರಿಯಲಿ, ಅದು ಮನುಷ್ಯರ ಹೊಟ್ಟೆ. ಆದರೆ ಆ ಉರಿಗೆ ನಿಮ್ಮ ವೀಸಾ, ನಿಮ್ಮ ಕೆಲಸ, ನಿಮ್ಮ ಮಕ್ಕಳ ಶಾಲೆಯನ್ನು ಸೌದೆ ಮಾಡಬೇಡಿ.

ನಾಳೆ ಯಾರಾದರೂ ನಿಮ್ಮ ಕೈ ಹಿಡಿದು "ಎಂಥ ಕೈಗುಣ!" ಎಂದರೆ, ಕೈ ಹಿಂದಕ್ಕೆ ಎಳೆದುಕೊಳ್ಳಿ. ವಸಂತಿ ಕೇಳಿದ್ದನ್ನೇ ಕೇಳಿ: ನಾನು ಸೋತರೆ ನಿನಗೆಷ್ಟು?