ಕಿತೇರ್ ಮಾಯಿಯ ಎರಡನೆಯ ದನಿ

ನನ್ನ ಅಣ್ಣ ಅವೆಲಿನ್‌ಗೆ ಯಾರನ್ನು ಬೇಕಾದರೂ ತನ್ನ ಮೈಮೇಲೆ ತಂದುಕೊಳ್ಳಲು ಬರುತ್ತಿತ್ತು. ಅಂಚೆಯವನು ಸೈಕಲ್ಲಿನಿಂದ ಇಳಿಯುವ ರೀತಿ, ಪಾದ್ರಿಗಳು ಪ್ರಸಂಗದ ನಡುವೆ ಕನ್ನಡಕ ಹುಡುಕುವ ರೀತಿ, ಮೀನಿನ ರೊಜಾರ್ ತಕ್ಕಡಿ ಎತ್ತಿದೊಡನೆ ಆಕಾಶ ನೋಡುವ ರೀತಿ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಶುರು ಮಾಡಿದರೆ ಅಮ್ಮನಿಗೆ ಅನ್ನ ನೆತ್ತಿಗೆ ಹತ್ತುತ್ತಿತ್ತು.

"ಸಾಕು ಮಾರಾಯಾ! ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿ ಸತ್ತರೆ ಪೊಲೀಸರು ನಿನ್ನನ್ನೇ ಹಿಡೀತಾರೆ."

ಆದರೆ ನೋಡುವವಳು ನಾನು. ಏಳನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ಕೇರಿಯ ಪಾವಿನ ಭಟ್ಟಿಯಲ್ಲಿ, ಬ್ರೆಡ್ಡು ಮಾರುವ ಕಿಟಕಿಯ ಹಿಂದೆ ಕೂರುತ್ತೇನೆ. ಪಾವು ಕೊಳ್ಳುವವರು ಕಿಟಕಿಯ ಒಳಗೆ ಒಬ್ಬಳಿದ್ದಾಳೆ ಎಂಬುದನ್ನು ಮರೆತೇಬಿಡುತ್ತಾರೆ. ಕಂಡದ್ದನ್ನು ಮನೆಗೆ ತಂದು ನಾಲ್ಕು ಮಾತಿನಲ್ಲಿ ಹೇಳಿದರೆ ಅಣ್ಣ ಎದ್ದು ನಿಂತು ಅದಕ್ಕೆ ಜೀವ ಕೊಡುತ್ತಿದ್ದ. ನನಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಹಾಗೆ ಹೇಳಿದ್ದರಲ್ಲಿ ಒಂದು ಕಿತೇರ್ ಮಾಯಿಯ ಬೆರಳು.

ಕಿತೇರ್ ಮಾಯಿ ನಮ್ಮ ಪಕ್ಕದ ಮನೆಯವಳು, ವಿಧವೆ. ಮೇ ತಿಂಗಳಲ್ಲಿ ಕೇರಿಯ ಶಿಲುಬೆ ಕಟ್ಟೆಯೆದುರು ದಿನಕ್ಕೊಂದು ಮನೆಯವರು ಸಂಜೆಯ ಪ್ರಾರ್ಥನೆ ಇಡಿಸುತ್ತಾರೆ. ಎಲ್ಲರೂ ಹಾಡುವುದು ಮೊದಲ ದನಿ. ಅದರ ಕೆಳಗೆ ಹೊಂದಿಕೊಂಡು ನಡೆಯುವ ಎರಡನೆಯ ದನಿ ನಲವತ್ತು ವರ್ಷಗಳಿಂದ ಅವಳದು. ಈಗ ದನಿ ಒಡೆದಿತ್ತು. ಎಲ್ಲರೂ ನಿಲ್ಲಿಸಿದ ಮೇಲೂ ಅವಳದು ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು. ಹಡಗಿನಲ್ಲಿ ದುಡಿಯುವ ಮಗ ಹಣ ಕಳಿಸಿ ಕಟ್ಟಿಸಿದ್ದ ಹಲ್ಲಿನ ಸೆಟ್ಟು ಸಡಿಲವಾಗಿತ್ತು. ಏರುದನಿ ಬಂದಾಗ ಅವಳು ಜಪಮಾಲೆಯ ಕೈಯನ್ನು ಮುಖದ ಹತ್ತಿರ ತಂದು, ಯಾರಿಗೂ ಕಾಣದಂತೆ ಕೆಳಹಲ್ಲನ್ನು ಒಂದು ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದಳು. ಹಿಂದಿನ ವರ್ಷ ನಾನು ಅವಳ ಪಕ್ಕದಲ್ಲಿ ಮೊಣಕಾಲೂರಿದ್ದೆ. ನನಗೆ ಕಂಡಿತು.

ಅಣ್ಣ ಅದನ್ನು ಮಾಡಿ ತೋರಿಸಿದಾಗ ಅಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, "ಸಾಯ್ಬಾ ದೇವಾ, ಕ್ಷಮಿಸು. ಅವೆಲಿನ್, ಇದು ಈ ನಾಲ್ಕು ಗೋಡೆ ದಾಟಬಾರದು" ಎಂದಳು.

ದಾಟಿತು. ಅಣ್ಣ ತಿಯಾತ್ರ್ ಎಂಬ ಕೊಂಕಣಿ ನಾಟಕಗಳಲ್ಲಿ ಚಿಕ್ಕ ಹಾಸ್ಯಪಾತ್ರ ಮಾಡುತ್ತಿದ್ದ. ಜನವರಿಯ ಒಂದು ಭಾನುವಾರ ಮಧ್ಯಾಹ್ನ ಮಡಗಾಂವಿನಲ್ಲಿ, ಪರದೆ ಬದಲಿಸುವ ಹೊತ್ತಿಗೆ ಹಾಡಬೇಕಿದ್ದವನು ಬರಲಿಲ್ಲ. ಅಣ್ಣ ತಲೆಗೆ ಕಪ್ಪು ಬಟ್ಟೆ ಸುತ್ತಿಕೊಂಡು ಹೋಗಿ, ಹಲ್ಲು ಹಿಡಿದು ಪ್ರಾರ್ಥಿಸುವ ಮುದುಕಿಯ ಹಾಡು ಕಟ್ಟಿ ಹಾಡಿದ. ಜನ ಐದು ಸಲ "ಒನ್ಸ್ ಮೋರ್" ಎಂದರು. ಮರುದಿನ ಅದು ಎಲ್ಲರ ಮೊಬೈಲಿನಲ್ಲಿತ್ತು.

ಆಮೇಲೆ ಅವನು 'ಕಾಮಿಡಿಯನ್ ಅವೆಲಿನ್'. ಭಿತ್ತಿಪತ್ರದಲ್ಲಿ ಅವನ ಮುಖ, ತುಟಿಯ ಮೇಲೆ ಒಂದು ಬೆರಳು. ಏಪ್ರಿಲ್‌ನಲ್ಲಿ ನಾಟಕ ಆಡಿಸುವ ಕಂತ್ರಾಟುದಾರ ಮಿಂಗೆಲ್ ಮನೆಗೇ ಬಂದ.

"ಕುವೈತ್‌ನಲ್ಲಿ ಹನ್ನೆರಡು ಆಟ. ನೀನು ಏನು ಮಾಡಿದರೂ ಸರಿ, ಬಿಟ್ಟರೂ ಸರಿ. ಮುದುಕಿ ಮಾತ್ರ ಬೇಕು."

ಅವನು ಹೋದ ಮೇಲೆ ಅಮ್ಮ ಹೇಳಿದಳು, "ಆ ಹಾಡು ಬಿಡು ಮಗಾ."

"ಯಾಕೆ? ಬೈಬಲ್ಲಿನ ಕತೆಯಲ್ಲಿ, ಕೊಟ್ಟ ತಲಾಂತು ಹಣ ಮಣ್ಣಲ್ಲಿ ಹೂತಿಟ್ಟ ಆಳನ್ನಲ್ವಾ ಯಜಮಾನ ಬೈದದ್ದು? ನನಗೆ ಕೊಟ್ಟ ವಿದ್ಯೆಯನ್ನ ನಾನು ಹೂತಿಟ್ಟಿಲ್ಲ. ದುಡಿಸ್ತಾ ಇದ್ದೇನೆ."

"ದುಡಿಸಿದ ಆಳುಗಳು ಲಾಭ ತಂದು ಯಜಮಾನನ ಕೈಗೆ ಕೊಟ್ಟರು. ನೀನು ತಂದದ್ದನ್ನ ಆತನ ಕೈಗೆ ಕೊಡ್ಲಿಕ್ಕಾಗ್ತದಾ, ಯೋಚಿಸು."

"ಪಾದ್ರಿಗಳೇ ನಕ್ಕಿದ್ದಾರೆ!"

"ನಾನೂ ನಕ್ಕಿದ್ದೇನೆ. ಅದಕ್ಕೇ ಹೇಳ್ತಾ ಇದ್ದೇನೆ."

ಅಣ್ಣ ಕೆಟ್ಟವನಲ್ಲ. ಕಿತೇರ್ ಮಾಯಿಗೆ ಬಾವಿಯಿಂದ ನೀರು ಸೇದಿಕೊಡುತ್ತಿದ್ದವನು ಅವನೇ. ಹಾಡು ಅವಳ ಕಿವಿಗೂ ಬಿದ್ದ ಮೇಲೆ ಅವಳು ತಾನೇ ಸೇದಿಕೊಳ್ಳುತ್ತಿದ್ದಳು. ಭಟ್ಟಿಗೆ ಬಂದರೆ ಮಾತಾಡದೆ ಪಾವಿನ ಕಡೆ ಬೆರಳು ತೋರಿಸುತ್ತಿದ್ದಳು. ಮೊದಲು ಗಟ್ಟಿ ಸಿಪ್ಪೆಯ ಪಾವು ಒಯ್ಯುತ್ತಿದ್ದವಳು ಮೆತ್ತಗಿನದು ಒಯ್ಯತೊಡಗಿದ್ದಳು. ಹಲ್ಲಿನ ಸೆಟ್ಟು ಹಾಕುವುದನ್ನೇ ಬಿಟ್ಟಿದ್ದಾಳೆಂದು ತಿಳಿಯಿತು. ಈ ಸಲ ಕಂಡದ್ದನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ಮೇ ತಿಂಗಳ ಎಂಟನೆಯ ಸಂಜೆ ನಮ್ಮ ಮನೆಯ ಸರದಿ. ಕಟ್ಟೆಗೆ ಹೂವು ಹಾಕಿ ಮೇಣದ ಬತ್ತಿ ಹಚ್ಚಿದೆವು. ಅಮ್ಮ ಹಂಚಲು ಕಡಲೆ ಬೇಯಿಸಿದ್ದಳು. ಕೇರಿಯವರೆಲ್ಲ ಬಂದರು, ಕಿತೇರ್ ಮಾಯಿ ಬರಲಿಲ್ಲ. ಪಿಟೀಲು ಶುರುವಾಯಿತು, ಮೊದಲ ದನಿ ಎದ್ದಿತು. ಅದು ಒಂಟಿಯಾಗಿ, ಕೋಲಿಲ್ಲದ ಕುರುಡನ ಹಾಗೆ ನಡೆಯಿತು. ಎಲ್ಲರಿಗೂ ಅದು ಗೊತ್ತಾಗುತ್ತಿತ್ತು. ಅಣ್ಣನಿಗೆ ಹೆಚ್ಚೇ ಗೊತ್ತಾಗಿರಬೇಕು. ಮೂರನೆಯ ಸಾಲಿಗೆ ಅವನು ಕಣ್ಣು ಮುಚ್ಚಿ ಎರಡನೆಯ ದನಿ ಹಿಡಿದ.

ಅವನು ಅಣಕಿಸಲಿಲ್ಲ. ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಆ ದನಿ ಅವನು ಕಲಿತದ್ದು ಅವಳಿಂದ, ಅವಳ ಹಾಗೇ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು. ಆಮೇಲೆ ಇಡೀ ಕೇರಿ ನಗುತ್ತಿತ್ತು. ಪಿಟೀಲಿನವನು ಕಮಾನು ಇಳಿಸಿ ಕಣ್ಣೊರೆಸಿಕೊಂಡ. "ಒನ್ಸ್ ಮೋರ್!" ಎಂದು ಮುದುಕ ಕಾಯ್ತಾನ್ ಕೂಗಿದ.

"ನಾನು ಪ್ರಾರ್ಥನೆ ಮಾಡ್ತಾ ಇದ್ದೆ" ಎಂದ ಅಣ್ಣ.

ಅದಕ್ಕೆ ಇನ್ನೂ ಜೋರಾಗಿ ನಕ್ಕರು.

ಅಂಥ ಮುಖ ಅವನದು ಎಂದೂ ಕಂಡಿರಲಿಲ್ಲ. ಅದು ಬೇರೆ ಯಾರ ಮುಖವೂ ಆಗಿರಲಿಲ್ಲ, ಅವನದೇ ಆಗಿತ್ತು.

ಮರುದಿನ ಬೆಳಿಗ್ಗೆ ಅವನು ಕಿತೇರ್ ಮಾಯಿಯ ಮನೆಗೆ ಹೊರಟ. ನಾನೂ ಹಿಂದೆಯೇ ಹೋದೆ. ಅವಳು ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದಳು.

"ಮಾಯಿ, ತಪ್ಪಾಯ್ತು" ಎಂದ ಅಣ್ಣ.

ಅವಳು ತಲೆ ಎತ್ತಲಿಲ್ಲ. ನನ್ನ ಬಾಯಿಂದ ಮಾತು ಹೇಗೆ ಬಂತೋ ತಿಳಿಯದು. "ಬೆರಳು ನೋಡಿದ್ದು ನಾನು ಮಾಯಿ. ಅವನಿಗೆ ಹೇಳಿದ್ದೂ ನಾನೇ."

"ನೀನಾ?" ಈಗ ತಲೆ ಎತ್ತಿದಳು. "ಬಾಯಿಗೆ ಬೆರಳಿಟ್ಟರೂ ಕಚ್ಚದ ಹುಡುಗಿ! ನೋಡಿ ಹೇಳಿದವನು ಅವನೇ ಅಂತ ನಾಲ್ಕು ತಿಂಗಳು ಆ ಪಿಟೀಲಿನವನಿಗೆ ಶಾಪ ಹಾಕಿದೆನಲ್ಲ, ಪಾಪ." ಹಲ್ಲಿಲ್ಲದ ಅವಳ ಬಾಯಿ ಒಮ್ಮೆ ಅಲುಗಿತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. "ನಿನ್ನೆ ನಗು ಇಲ್ಲಿಯವರೆಗೆ ಕೇಳಿಸ್ತು. ಯಾರಿಗೆ ನಕ್ಕದ್ದು, ನನಗಾ?"

"ನನಗೆ" ಎಂದ ಅಣ್ಣ. "ನಿಮ್ಮ ದನಿ ಹಾಡಿದೆ."

"ಹಾಡು, ನೋಡುವಾ."

"ಮಾಯಿ..."

"ಸಾವಿರ ಜನರೆದುರು ಹಾಡಿದವನಿಗೆ ಒಬ್ಬ ಮುದುಕಿಯೆದುರು ನಾಚಿಕೆಯಾ? ಹಾಡು."

ಅವನು ಮೆಣಸಿನಕಾಯಿ ಚಾಪೆಯ ಪಕ್ಕ ನಿಂತು ನಿನ್ನೆಯ ಪ್ರಾರ್ಥನೆ ಹಾಡಿದ. ಅವಳು ಒಂದು ಸಾಲು ಕೇಳಿ ಕೈ ಎತ್ತಿದಳು.

"ಅಲ್ಲಿ ಉಸಿರು ಎಳೀಬೇಡ. ಅದು ನನ್ನ ಮುಪ್ಪು, ಹಾಡಿನದ್ದಲ್ಲ. ಕೊನೆಗೆ ಎಳೆಯೋದೂ ಬೇಡ, ಅದು ನನ್ನ ಕಿವುಡು. ನನ್ನ ಕೊರತೆಯನ್ನೆಲ್ಲ ಚೆಂದ ಕಲಿತಿದ್ದೀಯ ಮಾರಾಯಾ, ಹಾಡನ್ನ ಮಾತ್ರ ಕಲಿಯಲೇ ಇಲ್ಲ."

ಬಿಸಿಲೇರುವವರೆಗೆ ಹಾಡಿಸಿದಳು. ನಾನು ಬಾವಿಯಿಂದ ಎರಡು ಕೊಡ ನೀರು ತಂದಿಟ್ಟು ಭಟ್ಟಿಗೆ ಹೋದೆ.

ಅಂದೇ ಮಿಂಗೆಲ್‌ಗೆ ಅವನು ಫೋನ್ ಮಾಡಿದ. ಬೇರೆ ಹತ್ತು ಹಾಡು ಕಟ್ಟಿಕೊಡುತ್ತೇನೆ, ಮುದುಕಿಯದು ಬೇಡ ಎಂದ. ಮಿಂಗೆಲ್ ಕೂಗಿದ್ದು ಒಲೆಯ ಹತ್ತಿರವಿದ್ದ ಅಮ್ಮನಿಗೂ ಕೇಳಿಸಿತು. "ಆ ಮುದುಕಿ ಇಲ್ಲದೆ ನಿನ್ನ ಮೂತಿ ಯಾರಿಗೆ ಬೇಕೋ?" ಕುವೈತ್‌ಗೆ ಬೇರೊಬ್ಬ ಹೋದ. ಅಣ್ಣ ಸಂತನ ಹಾಗೇನೂ ಇರಲಿಲ್ಲ. ಒಂದು ವಾರ ಮುಖ ಊದಿಸಿಕೊಂಡಿದ್ದ. ಸಾರಿಗೆ ಉಪ್ಪಿಲ್ಲ ಎಂದು ನನ್ನ ಮೇಲೆ ರೇಗಿದ. ವಿಮಾನದ ಸದ್ದಾದರೆ ಎದ್ದು ಒಳಗೆ ಹೋಗುತ್ತಿದ್ದ. ಆದರೂ ದಿನಾ ಬೆಳಿಗ್ಗೆ ಪಕ್ಕದ ಅಂಗಳಕ್ಕೆ ಹೋಗುವುದನ್ನು ಬಿಡಲಿಲ್ಲ.

ಮೇ ಇಪ್ಪತ್ತಾರಕ್ಕೆ ಕಾಯ್ತಾನನ ಮನೆಯ ಸರದಿ. ಕಿತೇರ್ ಮಾಯಿ ಬಂದಳು. ಹಲ್ಲು ಹಾಕಿರಲಿಲ್ಲ, ಹಾಡಲೂ ಇಲ್ಲ. ಅಣ್ಣನನ್ನು ಮುಂದಿನ ಸಾಲಿಗೆ ದಬ್ಬಿ ಅವನ ಹಿಂದೆ ನಿಂತಳು. ಅವನು ದನಿ ಎತ್ತುತ್ತಲೇ ಹಿಂದಿನಿಂದ ಒಂದಿಬ್ಬರು ಕಿಸಕ್ಕೆಂದರು. ಅಣ್ಣನ ದನಿ ಅಳುಕಿತು, ಹಳೆಯ ಒಡಕು ನುಸುಳಿತು. ಕಿತೇರ್ ಮಾಯಿ ಅವನ ತೋಳನ್ನು ಜೋರಾಗಿ ಚಿವುಟಿದಳು. ದನಿ ನೆಟ್ಟಗಾಯಿತು. ಅದು ಅವಳದಾಗಿರಲಿಲ್ಲ, ನಾನು ಹಿಂದೆಂದೂ ಕೇಳಿದ್ದಾಗಿರಲಿಲ್ಲ. ಮೊದಲ ದನಿ ಅದರ ಮೇಲೆ ಕಾಲೂರಿ ನಡೆಯಿತು. ನಕ್ಕವರು ಯಾವಾಗ ಹಾಡತೊಡಗಿದರೋ, ಅದನ್ನು ಮಾತ್ರ ನಾನು ನೋಡಲಿಲ್ಲ. ನಾನೂ ಹಾಡುತ್ತಿದ್ದೆ.