ಓಗೊಡಲು ಬಿಟ್ಟ ಜಾಗ

ಕಥೆಗೆ ಹೇಳುವವರ ನಾಲಿಗೆಯೊಂದೇ ಸಾಲದು, ಕೇಳುವವರದೂ ಬೇಕು ಎಂಬುದನ್ನು ದಾಕ್ಷಾಯಣಿ ಕಲಿತದ್ದು ತಾಂಜಾನಿಯಾದಲ್ಲಿ. ಗಂಡ ಅಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಕಾಲಕ್ಕೆ, ಪಕ್ಕದ ಮನೆಯಲ್ಲಿ ಮಾಮಾ ನೀಮಾ ಎಂಬ ಹೆಂಗಸಿದ್ದಳು; ಅಲ್ಲಿ ಮಾಮಾ ಎಂದರೆ ಅಮ್ಮ. ಇಳಿಹೊತ್ತಿನಲ್ಲಿ ಮೆಕ್ಕೆಜೋಳ ಬಿಡಿಸುತ್ತ ಕೂತು, ಸುತ್ತ ನೆರೆದ ಮಕ್ಕಳ ಕಡೆಗೆ 'ಪಾಉಕ್ವಾ!' ಎಂದು ಕೂಗುತ್ತಿದ್ದಳು. ಮಕ್ಕಳೆಲ್ಲ ಒಂದೇ ಉಸಿರಿಗೆ 'ಪಾಕಾವಾ!' ಎನ್ನಬೇಕು. ಎಂದರೆ ಕಥೆ ಉಂಟು. ಎನ್ನದಿದ್ದರೆ ಮಾಮಾ ನೀಮಾ ಬಾಯಿ ಹೊಲಿದುಕೊಂಡವಳಂತೆ ಜೋಳ ಬಿಡಿಸುತ್ತಲೇ ಇರುವಳು. ನಮ್ಮ ಕಡೆ ಹೂಂಗುಟ್ಟದಿದ್ದರೆ ಕಥೆ ಮುಂದೆ ಸಾಗುವುದಿಲ್ಲ; ಅಲ್ಲಿ ಓಗೊಡದಿದ್ದರೆ ಕಥೆ ಹುಟ್ಟುವುದೇ ಇಲ್ಲ.

ಮಕ್ಕಳಿಲ್ಲದ ದಾಕ್ಷಾಯಣಿ ಆ ಗುಂಪಿನಲ್ಲಿ ಕೂತು ತಾನೂ ಕೂಗುತ್ತಿದ್ದಳು. ಆಮೇಲೆ ಗಂಡ ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ. ಅವಳನ್ನು ತಮ್ಮ ಲಿಂಗರಾಜು ಹ್ಯೂಸ್ಟನ್ನಿನ ಮಗ್ಗುಲಿನ ಮಿಸೌರಿ ಸಿಟಿಗೆ ಕರೆಸಿಕೊಂಡ. ತಮ್ಮನ ಮನೆಯಲ್ಲಿ ಅವಳದೆಂದು ಹೇಳಬಹುದಾದದ್ದು ಗರಾಜಿನ ಒಂದು ಶೆಲ್ಫು ಮಾತ್ರ. ಉಳಿದ ಬದುಕೆಲ್ಲ ಸೂಟ್‌ಕೇಸಿನಲ್ಲಿ. ಕನ್ನಡದವರ ಮನೆಗಳಲ್ಲಿ ಬಾಣಂತನ ಮಾಡುವುದು ಅವಳ ಕೆಲಸವಾಯಿತು. ಡ್ಯಾಲಸ್ ಕಡೆ ಮೂರು ತಿಂಗಳು, ಆಸ್ಟಿನ್ನಿನಲ್ಲಿ ಮೂರು ತಿಂಗಳು, ಮತ್ತೆ ಹ್ಯೂಸ್ಟನ್. ಕೂಸಿಗೆ ಕತ್ತು ನಿಲ್ಲುವ ಹೊತ್ತಿಗೆ ಅವಳು ಬಸ್ಸು ಹತ್ತಿರುತ್ತಿದ್ದಳು. ತಾನು ಎರೆದು ಬೆಳೆಸಿದ ಮಗು ತನ್ನ ಮುಖವನ್ನು ನೆನಪಿಟ್ಟುಕೊಳ್ಳುವಷ್ಟು ದೊಡ್ಡದಾಗುವವರೆಗೆ ಅವಳು ಯಾವ ಮನೆಯಲ್ಲೂ ಇದ್ದವಳಲ್ಲ.

ಅದಕ್ಕೇ ಇರಬೇಕು, ಪುಸ್ತಕ ಮಾಡಿಸಬೇಕೆಂಬ ಹುಚ್ಚು ಹತ್ತಿದ್ದು. ಮಾಮಾ ನೀಮಾಳ ಏಳು ಕಥೆಗಳನ್ನು ಕನ್ನಡದಲ್ಲಿ ಬರೆದು ಗದಗಿನಲ್ಲಿ ಅಚ್ಚು ಹಾಕಿಸಿದಳು. ಪ್ರತಿ ಕಥೆಯ ತಲೆಯ ಮೇಲೆ 'ಪಾಉಕ್ವಾ!' ಎಂದಿತ್ತು, ಅದರ ಕೆಳಗೆ ಅಂಗೈಯಗಲದ ಖಾಲಿ ಜಾಗ. ಏನೆಂದು ಓಗೊಡಬೇಕೆಂಬುದು ಮುನ್ನುಡಿಯಲ್ಲಿ ಮಾತ್ರ ಇತ್ತು. ಪ್ರೆಸ್ಸಿನವನು ಫೋನು ಮಾಡಿ, "ಇಲ್ಲಿ ಏನರ ಬಿಟ್ಟೀರೇನ್ರೀ ಅಕ್ಕಾರ?" ಎಂದು ಕೇಳಿದ್ದ.

"ಬಿಟ್ಟಿಲ್ಲಪ್ಪ. ಅದು ಮಕ್ಕಳಿಗೆ."

ಅವಳಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಎಲ್ಲಿಯಾದರೂ ಒಂದು ಮಗು ಆ ಜಾಗದಲ್ಲಿ ಬಾಯಿ ತೆರೆಯಬೇಕು, ಅಷ್ಟೆ.

ಪುಸ್ತಕದ ಪೆಟ್ಟಿಗೆಗಳು ಬಂದಾಗ ಅವಳು ಡ್ಯಾಲಸ್ ಮಗ್ಗುಲಿನ ಪ್ಲೇನೋದಲ್ಲಿ, ವಿನಾಯಕ್ ಮತ್ತು ನೇಹಾ ದಂಪತಿಯ ಮನೆಯಲ್ಲಿದ್ದಳು. ವಿನಾಯಕ್ ಮೈಸೂರಿನವನು, ಒಳ್ಳೆಯ ಮನಸ್ಸಿನವನು, ಯಾವುದಕ್ಕೂ ಒಂದು ಯೋಜನೆ ಇಟ್ಟುಕೊಂಡವನು.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಟಾರ್ಗೆಟ್ ಆಡಿಯನ್ಸ್ ಯಾರು?"

"ಮಕ್ಕಳಪ್ಪಾ."

"ಕನ್ನಡ ಓದೋ ಮಕ್ಕಳು ಟೆಕ್ಸಾಸಲ್ಲಿ ಎಲ್ಲಿದಾರೆ? ಓದೋಕೆ ಬರೋ ಅಪ್ಪ ಅಮ್ಮಂಗೆ ಟೈಮಿಲ್ಲ. ಒಂದು ಫೇಸ್‌ಬುಕ್ ಪೇಜ್ ಮಾಡೋಣ. ನಿಮ್ಮದೊಂದು ಫೋಟೋ ಬೇಕು. ಆಫ್ರಿಕಾದ್ದಿದ್ರೆ ಒಳ್ಳೇದು, ಹಿಂದೆ ಜಿರಾಫೆ ಏನಾದ್ರೂ..."

"ಜಿರಾಫೆ ಜೋಡಿ ನಿಂತು ಫೋಟೋ ತೆಗಿಸ್ಕೊಳ್ಳೋಕ ನಾ ಏನ್ ಅದರ ಬೀಗತೀನೇನಪ್ಪಾ?"

ನೇಹಾ ಕೂಸನ್ನು ಹೆಗಲ ಮೇಲೆ ಹಾಕಿಕೊಂಡೇ ನಕ್ಕಳು. ಆರು ವರ್ಷದ ದೊಡ್ಡ ಮಗಳು ಸಾನ್ವಿ ಪುಸ್ತಕವನ್ನು ತಿರುಗಿಸಿ ನೋಡಿ, "ಆಂಟಿ, ಈಸ್ ದೇರ್ ಎ ವಿಡಿಯೋ?" ಎಂದು ಕೇಳಿ, ಇಲ್ಲವೆಂದು ತಿಳಿದ ಮೇಲೆ ಮರ್ಯಾದೆಯಿಂದಲೇ ಮರಳಿಸಿದಳು.

ಪೇಜು ಆಯಿತು. ಅದನ್ನು ಮೆಚ್ಚಿದವರಲ್ಲಿ ಹೆಚ್ಚಿನವರು ವಿನಾಯಕನ ಆಫೀಸಿನವರು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ, ನೃತ್ಯ ಮುಗಿದು ಊಟ ಶುರುವಾಗುವ ಸಂದಿನಲ್ಲಿ ಅವಳಿಗೂ ಐದು ನಿಮಿಷ ಸಿಕ್ಕಿತು. ವೇದಿಕೆಯ ಮೇಲೆ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು 'ಪಾಉಕ್ವಾ!' ಎಂದು ಕೂಗಿದಳು, ಓಗೊಡಲೆಂದು ಕಾದಳು. ಸಭೆ ಬಿಸಿಬೇಳೆಬಾತಿನ ವಾಸನೆಯ ಕಡೆಗೆ ಮುಖ ಮಾಡಿತ್ತು. ಕೊನೆಗೆ ಪರದೆಯ ಹಿಂದಿನಿಂದ ಒಂದು ದನಿ ಬಂತು: "ಮೈಕ್ ಸರಿಯಾಗಿದೆ ಆಂಟಿ, ನೀವು ಶುರು ಮಾಡಿ."

ಇಷ್ಟಾದ ಮೇಲೆ ಅಲ್ಲೇ ಹತ್ತಿರದ ಪ್ರಾಸ್ಪರ್ ಊರಿನ ಸರೋಜಾ ಬಂದದ್ದು ದೇವರು ಕಳಿಸಿದಂತೆಯೇ. ಹುಬ್ಬಳ್ಳಿಯ ಕಡೆಯವಳು, ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದಳು, ಗೃಹಪ್ರವೇಶಕ್ಕೆ ಬಂದವರಿಗೆ ಏನು ಕೊಡುವುದೆಂದು ಹುಡುಕುತ್ತಿದ್ದಳು.

"ಎಷ್ಟ್ ಅದಾವ್ರೀ ಪುಸ್ತಕ? ಎಲ್ಲಾ ಕೊಡ್ರಿ. ಸ್ಟೀಲ್ ಡಬ್ಬಿ ಕೊಟ್ಟು ಕೊಟ್ಟು ಸಾಕಾಗೇದ. ಈ ಸಲ ಕನ್ನಡ ಪುಸ್ತಕ ಅಂದ್ರ ಒಂದು ಗೌರವ."

"ಮನ್ಯಾಗ ಸಣ್ಣ ಮಕ್ಕಳು ಇದ್ದವ್ರಿಗೇ ಕೊಡ್ರಿ, ಸರೋಜಾ."

"ಈ ಊರಾಗ ಮಕ್ಕಳು ಇಲ್ಲದ ಮನಿ ಎಲ್ಲೈತ್ರೀ?" ಎಂದ ಸರೋಜಾ, ಎದುರಿಗಿರುವವಳು ಯಾರೆಂಬುದು ನೆನಪಾಗಿ, ಕತ್ತರಿ ತರುವ ನೆಪದಲ್ಲಿ ಎದ್ದಳು.

ಇಬ್ಬರೂ ಕೂತು ಕಟ್ಟಿದರು. ಪ್ರತಿ ಪುಸ್ತಕಕ್ಕೂ ಒಂದು ರವಿಕೆ ಖಣದ ಹೊದಿಕೆ, ಮೇಲೆ ಬಂಗಾರದ ಬಣ್ಣದ ರಿಬ್ಬನ್ನು. ಸರೋಜಾ ಜೋಡುಗಂಟು ಹಾಕಿ ಹಲ್ಲು ಕಚ್ಚಿ ಎಳೆಯುತ್ತಿದ್ದಳು. "ಗಟ್ಟಿಯಾಗಿ ಕಟ್ರಿ. ಬಿಚ್ಚಿದ್ರ ಚಂದ ಕಾಣೂದಿಲ್ಲ." ದಾಕ್ಷಾಯಣಿ ಅಷ್ಟೇ ಗಟ್ಟಿಯಾಗಿ ಕಟ್ಟಿದಳು. ಅಂದು ಸಂಜೆ ಹೊಸ ಮನೆಯ ಬಾಗಿಲಿನಿಂದ ತನ್ನ ಕಥೆಗಳು ತೆಂಗಿನಕಾಯಿಯ ಜೊತೆ ಕಾರುಗಳೊಳಗೆ ಕೂತು ಡ್ಯಾಲಸ್ಸಿಗೂ ಆಸ್ಟಿನ್ನಿಗೂ ಹ್ಯೂಸ್ಟನ್ನಿಗೂ ಹೊರಟದ್ದನ್ನು ಅವಳು ಮಗಳನ್ನು ಗಂಡನ ಮನೆಗೆ ಕಳಿಸುವವಳಂತೆ ನಿಂತು ನೋಡಿದಳು.

ಒಂದು ಮಾತಾದರೂ ಬಂದೀತೆಂದು ಕಾದಳು. ಬರಲಿಲ್ಲ. ಕರೆ ಬಂದಾಗಲೆಲ್ಲ ಕೈಯ ಕೆಲಸ ಬಿಟ್ಟು ಓಡುತ್ತಿದ್ದಳು. ಎಲ್ಲವೂ ಹೊಸ ಬಾಣಂತಿಯರದೇ.

ಮುಂದಿನ ಬಾಣಂತನ ಆಸ್ಟಿನ್ನಿನಲ್ಲಿ. ಆ ಮನೆಯ ಬಟ್ಟೆಯ ಕಪಾಟಿನಲ್ಲಿ, ಕನ್ನಡದ ಎಲ್ಲ ಮನೆಗಳಲ್ಲೂ ಇರುವ ಹಾಗೆ, ಒಂದು 'ಕೊಡುವ ಚೀಲ' ಇತ್ತು: ಬಂದ ಉಡುಗೊರೆಗಳಲ್ಲಿ ಬೇಡದ್ದು ಅದಕ್ಕಿಳಿಯುತ್ತದೆ, ಇನ್ನೊಬ್ಬರಿಗೆ ಕೊಡುವ ದಿನ ಮೇಲೇಳುತ್ತದೆ. ಕೂಸಿನ ದುಪ್ಪಟಿ ಹುಡುಕುತ್ತ ಕೈ ಹಾಕಿದ ದಾಕ್ಷಾಯಣಿಗೆ ಬಂಗಾರದ ರಿಬ್ಬನ್ನು ಸಿಕ್ಕಿತು. ಗಂಟು ಅವಳದೇ. ಹಾಕಿದಂತೆಯೇ ಇತ್ತು. ಅದನ್ನು ಕುಂಕುಮದ ಭರಣಿಗಳ ಕೆಳಗೆ ಮೊದಲಿನಂತೆ ಇಟ್ಟು ದುಪ್ಪಟಿ ತೆಗೆದುಕೊಂಡು ಹೋದಳು. ಅಂದು ಹಿಟ್ಟು ಕಲೆಸುವಾಗ ಎರಡು ಸಲ ಉಪ್ಪು ಹಾಕಿದಳು.

ಇನ್ನೂ ಎರಡು ಬಾಣಂತನ ಮುಗಿಸಿ ಶ್ರಾವಣದಲ್ಲಿ ಮಿಸೌರಿ ಸಿಟಿಗೆ ಬಂದಾಗ, ತಮ್ಮನ ನೆರೆಯ ಭಾನುಮತಿ ವರಮಹಾಲಕ್ಷ್ಮಿಯ ಅರಿಸಿನ ಕುಂಕುಮಕ್ಕೆ ಕರೆದಳು. ಹೊರಡುವಾಗ ಕೈಗೆ ಬಂದ ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಖಣ ಹೊದ್ದ ಪುಸ್ತಕ.

"ಮಕ್ಕಳ ಕಥೆಯಂತೆ ಆಂಟಿ, ಆಫ್ರಿಕಾದ್ದು," ಎಂದಳು ಭಾನುಮತಿ. "ತುಂಬ ಚೆನ್ನಾಗಿದೆಯಂತೆ. ನಾನಿನ್ನೂ ಓದಿಲ್ಲ."

"ಎಲ್ಲಿಂದ ಬಂತಮ್ಮ ಇದು?"

"ಅಯ್ಯೋ, ಯಾರಿಗ್ಗೊತ್ತು? ಡ್ಯಾಲಸ್‌ದೋ, ಆಸ್ಟಿನ್‌ದೋ. ಕೈಯಿಂದ ಕೈಗೆ ಬಂದಿರತ್ತೆ."

ಬರೆದವಳು ತಾನೆಂದು ಹೇಳದೆ ದಾಕ್ಷಾಯಣಿ ಚೀಲವನ್ನು ತೋಳಿಗೆ ಹಾಕಿಕೊಂಡಳು. ಕೊಟ್ಟ ಖಣ ಊರೆಲ್ಲ ಸುತ್ತಿ ಕೊಟ್ಟವಳ ಮಡಿಲಿಗೇ ಬಂದು ಬೀಳುವುದನ್ನು ಹೇಳಿ ನಗುತ್ತಿದ್ದ ಹೆಂಗಸರ ನಡುವೆಯೇ ಅವಳು ಬೆಳೆದವಳು. ಅಂದು ಮಾತ್ರ ನಗು ಬರಲಿಲ್ಲ.

ಮರುದಿನ ಡ್ಯಾಲಸ್ಸಿನ ಬಸ್ಸು. ಕಿಟಕಿಯಾಚೆ ಬಯಲು; ಬಯಲಿನ ಮೇಲೆ ಅದಕ್ಕಿಂತ ದೊಡ್ಡ ಆಕಾಶ. ಪಕ್ಕದ ಸೀಟು ಖಾಲಿ. ತೆಗೆದು ನೋಡಿದರೆ ಪುಸ್ತಕದ ಗಂಟು ಅವಳದೂ ಅಲ್ಲ, ಸರೋಜಳದೂ ಅಲ್ಲ; ಯಾರೋ ಬಿಚ್ಚಿ, ಬೇರೆ ರೀತಿಯಲ್ಲಿ ಕಟ್ಟಿದ್ದರು. ಬಿಚ್ಚಿದಳು.

ಮೊದಲನೆಯ ಕಥೆಯ ಖಾಲಿ ಜಾಗದಲ್ಲಿ ಕೆಂಪು ಕ್ರೇಯಾನಿನಲ್ಲಿ ಒಂದು ಬಾಯಿ. ತೆರೆದ ಬಾಯಿ, ಒಳಗೆ ಸಾಲು ಹಲ್ಲು. ಎರಡನೆಯ ಕಥೆಗೆ ಅದಕ್ಕಿಂತ ದೊಡ್ಡದು. ಮೂರನೆಯದಕ್ಕೆ ಬಂದ ಬಾಯಿಯಲ್ಲಿ ಮುಂದಿನ ಒಂದು ಹಲ್ಲಿಲ್ಲ. ನಾಲ್ಕನೆಯದರಲ್ಲೂ ಇಲ್ಲ. ಐದನೆಯದರಲ್ಲಿ, ಆ ಸಂದಿನಲ್ಲಿ, ಅಕ್ಕಿಕಾಳಿನಷ್ಟು ಹೊಸ ಹಲ್ಲು. ಆ ಪುಟದ ನಡುವೆ ಹತ್ತಿಯ ಬತ್ತಿಯೊಂದು ಗುರುತಿಗೆ ಇಟ್ಟಂತೆ ಮಲಗಿತ್ತು. ನುಣ್ಣಗೆ, ಉದ್ದಕ್ಕೆ ಹೊಸೆದ, ದೇವರ ದೀಪದ ಬತ್ತಿ.

ದಾಕ್ಷಾಯಣಿಗೆ ಎಲ್ಲ ಕಣ್ಣಿಗೆ ಕಟ್ಟಿದಂತಾಯಿತು. ಊರಿನಿಂದ ಬಂದ ಅಜ್ಜಿಯೊಬ್ಬಳು, ಮಾತಾಡಲು ಯಾರೂ ಇಲ್ಲದ ಮಧ್ಯಾಹ್ನಗಳು, ಬತ್ತಿ ಹೊಸೆಯುತ್ತ ಓದಿದ್ದು, ಮಗು ಓಗೊಟ್ಟದ್ದು. ಹಾಗೆ ಬಂದವರಿಗೆ ಇಲ್ಲಿರಲು ಸಿಗುವುದು ಆರು ತಿಂಗಳು. ಆರನೆಯ ಕಥೆಗೆ ಮುಂಚೆಯೇ ವಿಮಾನದ ದಿನ ಬಂದಿರಬೇಕು. ಓದಲು ಬರುವ ದನಿ ಹೊರಟುಹೋದ ಮೇಲೆ ಪುಸ್ತಕ ಕೊಡುವ ಚೀಲಕ್ಕಿಳಿಯಿತು.

ಆರನೆಯದೂ ಏಳನೆಯದೂ ಖಾಲಿ.

ಅವಳು ಆ ಬಾಯಿಗಳನ್ನು ಎಷ್ಟೋ ಹೊತ್ತು ಬೆರಳಿನಿಂದ ಸವರಿದಳು. ಕ್ರೇಯಾನಿನ ಮೇಣ ಬೆರಳಿಗೆ ಹತ್ತಿತು. ಆ ಮಗುವಿನ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಯಾವ ಊರೆಂದೂ ಗೊತ್ತಿಲ್ಲ. ಎರಡು ಕಥೆ ಬಾಕಿಯಿರುವುದು ಮಾತ್ರ ಗೊತ್ತು. 'ಪಾಉಕ್ವಾ,' ಎಂದು ಕಿಟಕಿಯ ಗಾಜಿನ ಕಡೆಗೆ ಮೆಲ್ಲಗೆ ಅಂದಳು. ಮುಂದಿನ ಸೀಟಿನವನು ತಿರುಗಿ ನೋಡಿ, ಫೋನಿನಲ್ಲಿ ಮಾತಾಡುತ್ತಿದ್ದಾಳೆಂದುಕೊಂಡು ಮತ್ತೆ ಮುಂದಕ್ಕೆ ತಿರುಗಿದ.

ಡ್ಯಾಲಸ್ಸಿನಲ್ಲಿ ಈ ಸಲದ ಮನೆ ಶ್ರೇಯಾ ಎಂಬ ಬಾಣಂತಿಯದು. ಮೊದಲ ವಾರದಲ್ಲೇ ಕೂಸಿನ ನಾಮಕರಣ. ಬಂದವರು ಹೊರಡುವಾಗ ಕೈಗಿಡುವ ಚೀಲಗಳನ್ನು ತುಂಬುವ ಕೆಲಸ ದಾಕ್ಷಾಯಣಿಯದೇ. ಮಡಿಲ ತುಂಬ ತೆಂಗಿನಕಾಯಿ ಹಾಕಿಕೊಂಡು ಕೂತವಳು ಕೊನೆಗೆ ತನ್ನ ಸೂಟ್‌ಕೇಸು ತೆರೆದು ಆ ಪುಸ್ತಕವನ್ನು ತೆಗೆದಳು. ಇಟ್ಟುಕೊಳ್ಳಬೇಕೆನ್ನಿಸಿತು. ಜಗತ್ತಿನಲ್ಲಿ ಅವಳಿಗೆ ಓಗೊಟ್ಟಿದ್ದ ಪ್ರತಿ ಅದೊಂದೇ.

ಶ್ರೇಯಾ ಇಣುಕಿ ನೋಡಿದಳು. "ಆಂಟಿ, ಅದ್ರಲ್ಲಿ ಯಾರೋ ಗೀಚಿದಾರಲ್ಲ? ತಗೊಂಡೋರಿಗೆ ಏನನ್ಸತ್ತೋ. ಬೇರೆ ಹಾಕಿ."

"ಇರಲಿ ಬಿಡವ್ವ," ಎಂದಳು ದಾಕ್ಷಾಯಣಿ. "ಗೀಚಿದವರು ಇನ್ನೂ ಮುಗಿಸಿಲ್ಲ."

ಶ್ರೇಯಾಳಿಗೆ ಅರ್ಥವಾಗಲಿಲ್ಲ, ಕೂಸು ಅತ್ತಿತೆಂದು ಒಳಗೆ ಹೋದಳು. ದಾಕ್ಷಾಯಣಿ ಬತ್ತಿಯನ್ನು ಆರನೆಯ ಕಥೆಯ ಪುಟಕ್ಕೆ ಸರಿಸಿ, ಖಣ ಹೊದಿಸಿ, ರಿಬ್ಬನ್ನು ಸುತ್ತಿದಳು. ಜೋಡುಗಂಟು ಹಾಕಲಿಲ್ಲ. ಸಣ್ಣ ಕೈಯೊಂದು ಎಳೆದರೆ ತಾನಾಗಿಯೇ ಬಿಚ್ಚಿಕೊಳ್ಳುವಂತೆ ಒಂದೇ ಸುತ್ತು, ಸಡಿಲವಾಗಿ ಕಟ್ಟಿ, ಒಂದು ಚೀಲದೊಳಗೆ ತೆಂಗಿನಕಾಯಿಯ ಮೇಲೆ ಇಟ್ಟಳು.